ಸೋತಾಗ ಬಾರದ ಸಿಟ್ಟು ಕಾದಾಗ ಬರುತ್ತದೆ

ಫ್ರೀ ಗೇಮಿನಲ್ಲಿ ಒಂದು ಒಳ್ಳೆಯ ಕತ್ತಿ ಆಟಗಾರನ ಕೈಗೆ ಎಷ್ಟು ದಿನಕ್ಕೆ ಸೇರಬೇಕು, ದುಡ್ಡು ಕೊಟ್ಟರೆ ಎಷ್ಟು ಬೇಗ ಸೇರಬೇಕು ಎಂದು ಯಾರೋ ಒಬ್ಬರು ಕೂತು ಲೆಕ್ಕ ಹಾಕಿರುತ್ತಾರೆ. ಬೆಂಗಳೂರಿನ ಒಂದು ಮೊಬೈಲ್ ಗೇಮ್ ಸ್ಟುಡಿಯೋದಲ್ಲಿ ಆ ಯಾರೋ ಒಬ್ಬ ನಾನು. ಹುದ್ದೆಯ ಹೆಸರು ಎಕಾನಮಿ ಡಿಸೈನರ್. ದಿನದ ಬಹುಪಾಲು ಎಕ್ಸೆಲ್ ಶೀಟಿನಲ್ಲೇ ಕಳೆಯುತ್ತದೆ. ರಾಕ್ಷಸರು, ರೆಕ್ಕೆಯ ಕುದುರೆಗಳು ಎಲ್ಲ ಪಕ್ಕದ ಸಾಲಿನ ಆರ್ಟ್ ಟೀಮಿನವರ ಪಾಲು.

ಹೊಸ ಗೇಮ್ ಶುರುವಾಗುವ ಮೊದಲು ನಮ್ಮಲ್ಲಿ ಟೇರ್‌ಡೌನ್ ಎಂಬ ಕೆಲಸ ಇರುತ್ತದೆ. ಅದೇ ಜಾತಿಯ, ಗೆದ್ದ ಗೇಮೊಂದನ್ನು ತಿಂಗಳುಗಟ್ಟಲೆ ಆಡಿ, ಅದರ ಒಳಗಿನ ಅಂಕಿಗಳನ್ನೆಲ್ಲ ಬಿಚ್ಚಿ ಬರೆಯಬೇಕು. ನಾವು ಆಕ್ಷನ್ ಆರ್‌ಪಿಜಿ, ಅಂದರೆ ಪಾತ್ರಗಳನ್ನು ಬೆಳೆಸುತ್ತ ಹೊಡೆದಾಡುವ ಗೇಮು, ಮಾಡಲು ಹೊರಟಾಗ ನನ್ನ ಪಾಲಿಗೆ ಬಂದದ್ದು ಗೆನ್ಶಿನ್ ಇಂಪ್ಯಾಕ್ಟ್. ಶಾಂಘೈನ ಮಿಹೊಯೊ ಕಂಪನಿ ಅದನ್ನು ಬಿಡುಗಡೆ ಮಾಡಿದ್ದು 2020ರ ಸೆಪ್ಟೆಂಬರ್ 28ರಂದು. ಅದೇ ತಿಂಗಳ 2ರಂದು ನಮ್ಮಲ್ಲಿ ಪಬ್ಜಿ ಮೊಬೈಲ್ ನಿಷೇಧವಾಗಿತ್ತು. ಹಾಗೆ ಕೈ ಖಾಲಿಯಾಗಿದ್ದ ಎಷ್ಟೋ ಹುಡುಗರು ಇದಕ್ಕೆ ಬಂದರು, ಅವರಲ್ಲಿ ಕೆಲವರು ಈಗ ನನ್ನ ಸಹೋದ್ಯೋಗಿಗಳು.

ಕೆಲಸ ಕೊಡುವಾಗ ನಮ್ಮ ಲೀಡ್ ಹೇಳಿದ್ದು ಇಷ್ಟು: "ಗೇಮ್ ಚೆನ್ನಾಗಿದೆ ಅಂತ ನೀವು ಬರೀಬೇಡಿ, ಅದು ಎಲ್ರಿಗೂ ಗೊತ್ತು. ಜನ ಎಲ್ಲಿ ಬೈತಾರೆ, ಎಲ್ಲಿ ಬೈಯೋದೂ ಬಿಟ್ಟು ಎದ್ದು ಹೋಗ್ತಾರೆ, ಅದು ಬೇಕು."

ಆದರೂ ಹೊಗಳಬೇಕಾದ್ದನ್ನು ಮೊದಲು ಹೊಗಳಿಬಿಡುತ್ತೇನೆ, ಯಾಕೆಂದರೆ ಬೈಗುಳದ ಬೇರು ಅಲ್ಲೇ ಇದೆ. ತಂಡದಲ್ಲಿ ನಾಲ್ವರು, ಪರದೆಯ ಮೇಲೆ ಒಬ್ಬರೇ. ಹೆಬ್ಬೆರಳು ಒತ್ತಿದರೆ ಇನ್ನೊಬ್ಬರು ಬರುತ್ತಾರೆ. ಬೆಂಕಿ, ನೀರು, ಹಿಮ, ಮಿಂಚು, ಗಾಳಿ, ಕಲ್ಲು, ಸಸ್ಯ, ಈ 7ರಲ್ಲಿ ಒಂದೊಂದು ಶಕ್ತಿ ಒಬ್ಬೊಬ್ಬರದು. ಶತ್ರುವನ್ನು ಮೊದಲು ನೆನೆಸಿ ಆಮೇಲೆ ಬೆಂಕಿ ಹಾಕಿದರೆ ಆ ಪೆಟ್ಟು ಒಂದೂವರೆ ಪಟ್ಟು. ಬೆಂಕಿ ಮೊದಲು ಹಾಕಿ ನೀರಿನಿಂದ ಹೊಡೆದರೆ 2 ಪಟ್ಟು. ನೀರಿನ ಮೇಲೆ ಹಿಮ ಬಿದ್ದರೆ ಶತ್ರು ಹೆಪ್ಪುಗಟ್ಟಿ ನಿಂತುಬಿಡುತ್ತಾನೆ. ಗಾಳಿಯವರನ್ನು ಕರೆದರೆ ಹತ್ತಿದ ಬೆಂಕಿ ಸುತ್ತಲಿನವರಿಗೂ ಹರಡುತ್ತದೆ. ಇಷ್ಟನ್ನು ಕಲಿಯಲು ಒಂದು ಸಂಜೆ ಸಾಕು, ಪಳಗಲು ವರ್ಷ ಬೇಕು.

ನಮ್ಮ ಕಸುಬಿನವರು ಇದರಲ್ಲಿ ಗಮನಿಸಬೇಕಾದ ಜಾಣತನ ಒಂದಿದೆ. ಟಿವಿಗೆ ಜೋಡಿಸುವ ಕನ್ಸೋಲಿನಲ್ಲಿ ಆಟಗಾರನಿಗೆ ಹತ್ತು ಬೆರಳೂ ಉಂಟು, ಒತ್ತಿದರೆ ತಾಗುವ ಬಟನ್ನುಗಳೂ ಉಂಟು. ಫೋನಿನಲ್ಲಿ ಎರಡು ಹೆಬ್ಬೆರಳು, ಅವು ಅರ್ಧ ಪರದೆಯನ್ನೇ ಮುಚ್ಚುತ್ತವೆ. ಅಲ್ಲಿ ಬೆರಳಿನ ವೇಗವನ್ನು ಕೇಳಿದರೆ ಆಟ ಕೆಡುತ್ತದೆ. ಹಾಗಾಗಿ ಇವರು ಕೌಶಲವನ್ನು ಬೆರಳಿನಿಂದ ತೆಗೆದು ಕ್ರಮದಲ್ಲಿಟ್ಟರು: ಯಾರ ನಂತರ ಯಾರು, ಎಷ್ಟು ಸೆಕೆಂಡಿಗೆ. ಎಲ್ಲೆಲ್ಲಿ ಈ ಸೂತ್ರ ಬಿಟ್ಟರೋ ಅಲ್ಲೆಲ್ಲ ಎಡವಿದ್ದಾರೆ. ಬಿಲ್ಲು ಹಿಡಿದು ಗುರಿ ಇಡುವ ಪಾತ್ರಗಳನ್ನು ಫೋನಿನಲ್ಲಿ ಆಡುವುದು ಶುದ್ಧ ಶಿಕ್ಷೆ.

ಇನ್ನೊಂದು ಬಲ: ದುಡ್ಡಿಲ್ಲದವನ ಕೈಯಲ್ಲೂ ನಿಜವಾದ ಆಯುಧ ಇದೆ. ಸ್ಪೈರಲ್ ಅಬಿಸ್ ಎಂಬ ಸವಾಲಿನ 3ನೇ ಮಹಡಿ ಮುಗಿಸಿದವರಿಗೆ ಶಿಯಾಂಗ್ಲಿಂಗ್ ಎಂಬ ಅಡುಗೆಯ ಹುಡುಗಿ ಉಚಿತವಾಗಿ ಸಿಗುತ್ತಾಳೆ. ಅವಳ ಜೊತೆಗೆ ಬೆನೆಟ್, ಶಿಂಗ್‌ಚ್ಯೂ ಎಂಬ ಇಬ್ಬರು 4 ಸ್ಟಾರಿನವರು (5 ಸ್ಟಾರ್ ಪಾತ್ರಗಳು ಅಪರೂಪ, 4 ಸ್ಟಾರಿನವರು ಅದಕ್ಕಿಂತ ಸುಲಭವಾಗಿ ಸಿಗುವವರು) ಸೇರಿದರೆ ಅದೇ ಅಬಿಸ್‌ನ ಕೊನೆಯ, 12ನೇ ಮಹಡಿಯನ್ನೂ ದಾಟಬಹುದು. ಮೂವರೂ ಬಿಡುಗಡೆಯ ದಿನದಿಂದ ಇದ್ದವರು. ದುಬಾರಿ 5 ಸ್ಟಾರ್ ಪಾತ್ರಗಳು ಡಜನುಗಟ್ಟಲೆ ಬಂದ ಮೇಲೂ ಈ ಬಡವರ ತಂಡ ಬಿದ್ದುಹೋಗಲಿಲ್ಲ. ಗೇಮಿನಿಂದ ದುಡ್ಡು ಬರಿಸುವ ನಮ್ಮ ಮಾನಿಟೈಸೇಶನ್ ಟೀಮಿನವರಿಗೆ ಇದನ್ನು ತೋರಿಸಿದಾಗ ಅವರು ನಂಬಲೇ ಇಲ್ಲ, ಇದು ಕಂಪನಿಯವರ ಕೈತಪ್ಪಿ ಆದದ್ದಿರಬೇಕು ಅಂದರು. ಕೈತಪ್ಪಿಯೋ ಬೇಕೆಂದೋ, ಫಲ ಒಂದೇ: ಫ್ರೀ ಆಟಗಾರ ಗೌರವ ಕಳೆದುಕೊಳ್ಳದೆ ಉಳಿಯುತ್ತಾನೆ.

ಮೇಲಾಗಿ ಇಲ್ಲಿ ಆಟಗಾರರು ಪರಸ್ಪರ ಹೊಡೆದಾಡುವುದಿಲ್ಲ. ಇದರ ಬೆಲೆ ತಿಳಿಯಬೇಕಾದರೆ ಡಯಾಬ್ಲೊ ಇಮ್ಮಾರ್ಟಲ್ ನೋಡಬೇಕು. ಬ್ಲಿಝಾರ್ಡ್ ಮತ್ತು ನೆಟ್‌ಈಸ್ ಸೇರಿ 2022ರ ಜೂನ್ 2ರಂದು ಬಿಟ್ಟ ಆ ಗೇಮಿನ ಹೊಡೆದಾಟವೂ ಸೊಗಸಾಗಿದೆ, ಟಚ್ ಕಂಟ್ರೋಲ್ ನನ್ನ ಪ್ರಕಾರ ಗೆನ್ಶಿನ್‌ಗಿಂತ ಒಂದು ಕೈ ಮೇಲು. ಆದರೆ ಶಕ್ತಿಯ ದೊಡ್ಡ ಪಾಲು ಲೆಜೆಂಡರಿ ಜೆಮ್ ಎಂಬ ಹರಳುಗಳಲ್ಲಿದೆ, ಹರಳುಗಳು ಬೇಗ ಬೇಕೆಂದರೆ ಪರ್ಸ್ ತೆಗೆಯಬೇಕು, ಅದರ ಮೇಲೆ ಆಟಗಾರರ ನಡುವೆ ಯುದ್ಧ ಬೇರೆ. ಲೂಟ್ ಬಾಕ್ಸ್, ಅಂದರೆ ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ಕೊಳ್ಳುವ ಪೆಟ್ಟಿಗೆ, ಅದರ ಕಾನೂನು ಬಿಗಿಯಾಗಿರುವ ಬೆಲ್ಜಿಯಂನಲ್ಲೂ ನೆದರ್ಲೆಂಡ್ಸ್‌ನಲ್ಲೂ ಅದು ಬಿಡುಗಡೆಯೇ ಆಗಲಿಲ್ಲ. ಒಬ್ಬ ಖರ್ಚು ಮಾಡಿದ್ದು ಇನ್ನೊಬ್ಬನಿಗೆ ಪೆಟ್ಟಾಗಿ ಬಿದ್ದಾಗ ಯಾವ ಒಳ್ಳೆಯ ಕಂಟ್ರೋಲೂ ಕಾಪಾಡುವುದಿಲ್ಲ.

ಸಣ್ಣಪುಟ್ಟ ಕಿರಿಕಿರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಫೋನಿನಲ್ಲಿ 20 ಜಿಬಿ ದಾಟಿ ಜಾಗ ತಿನ್ನುತ್ತದೆ, ಮಧ್ಯಮ ದರದ ಫೋನು ಅರ್ಧ ಗಂಟೆಗೆ ಕೈ ಸುಡುತ್ತದೆ. ಏಷ್ಯಾ ಸರ್ವರಿನಲ್ಲಿ ದಿನ ಬದಲಾಗುವುದು ಅಲ್ಲಿನ ಬೆಳಗಿನ 4ಕ್ಕೆ, ಅಂದರೆ ನಮ್ಮ ರಾತ್ರಿ ಒಂದೂವರೆಗೆ. ಥಾಯ್, ವಿಯೆಟ್ನಾಮೀಸ್, ಇಂಡೊನೇಷಿಯನ್ ಎಲ್ಲ ಇವೆ, ಭಾರತದ ಒಂದು ಭಾಷೆಯೂ ಇಲ್ಲ. ಕನ್ನಡದ ಮಾತು ಬಿಡಿ, ಹಿಂದಿಯೂ ಇಲ್ಲ.

ಈಗ ಬೈಗುಳದ ವಿಷಯ. ಹೊರಗಿನವರು ಬೈಯುವುದು ಗಾಚಾವನ್ನು, ಅಂದರೆ ಪಾತ್ರಗಳನ್ನು ಅದೃಷ್ಟದ ಮೇಲೆ ಎಳೆಯುವ ವ್ಯವಸ್ಥೆಯನ್ನು. ಒಂದು ಎಳೆತಕ್ಕೆ ಗೇಮಿನೊಳಗಿನ ನಾಣ್ಯವಾದ ಪ್ರಿಮೊಜೆಮ್ 160 ಬೇಕು. 5 ಸ್ಟಾರ್ ಪಾತ್ರ ಬರುವ ಸಾಧ್ಯತೆ ನೂರಕ್ಕೆ 0.6. ಬರೀ ಇಷ್ಟೇ ಇದ್ದಿದ್ದರೆ 90 ಸಲ ಎಳೆದ 100 ಜನರಲ್ಲಿ 58 ಜನ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರು. ಆದರೆ ಪಿಟಿ ಎಂಬ ನಿಯಮವಿದೆ: 90ನೇ ಎಳೆತದೊಳಗೆ ಒಂದು 5 ಸ್ಟಾರ್ ಬಂದೇ ಬರಬೇಕು. ಅದು ನಾವು ಬಯಸಿದ ಪಾತ್ರ ಆಗದಿದ್ದರೆ ಮುಂದಿನದು ಅದೇ ಆಗಿರುತ್ತದೆ. ಅಂದರೆ ಹಣೆಬರಹ ಎಷ್ಟೇ ಕೆಟ್ಟದಾಗಿದ್ದರೂ 180ಕ್ಕೆ ಮುಗಿಯಿತು. ಇದು ಅಗ್ಗವೇನಲ್ಲ. ದಿನದ ಕೆಲಸಗಳಿಂದ ಸಿಗುವುದು 60 ಪ್ರಿಮೊಜೆಮ್, ಅದನ್ನೇ ನಂಬಿದರೆ 90 ಎಳೆತಕ್ಕೆ 240 ದಿನ. ಈವೆಂಟುಗಳಿಂದ ಬೇಗ ಆಗುತ್ತದೆ, ಆದರೂ ಉದ್ದದ ದಾರಿಯೇ.

ಇಷ್ಟಾದರೂ ಹಳೆಯ ಆಟಗಾರರು ಗಾಚಾದ ಬಗ್ಗೆ ಮಾತಾಡುವಾಗ ನಗುತ್ತಾರೆ. ಮುಖ ಗಂಟಿಕ್ಕುವುದು ಆರ್ಟಿಫ್ಯಾಕ್ಟ್ ಅಂದಾಗ.

ಆರ್ಟಿಫ್ಯಾಕ್ಟ್ ಎಂದರೆ ಪ್ರತಿ ಪಾತ್ರಕ್ಕೆ ತೊಡಿಸುವ 5 ಒಡವೆಗಳು. ಅವನ್ನು ಗಾಚಾದಲ್ಲಿ ಎಳೆಯುವಂತಿಲ್ಲ, ಡೊಮೇನ್ ಎಂಬ ಕಾಳಗದ ಕೋಣೆಗೆ ಹೋಗಿ ಹೋರಾಡಿ ತರಬೇಕು. ಒಂದು ಸಲಕ್ಕೆ ರೆಸಿನ್ ಎಂಬ ಗೇಮಿನ ಇಂಧನ 20 ಖರ್ಚು. ರೆಸಿನ್ 8 ನಿಮಿಷಕ್ಕೆ ಒಂದರಂತೆ ತುಂಬುತ್ತದೆ, ದಿನಕ್ಕೆ 180, ಅಂದರೆ 9 ಸಲ. ಈಗ ಒಬ್ಬನಿಗೆ ಒಂದು ನಿರ್ದಿಷ್ಟ ಸೆಟ್ಟಿನ (ಜೊತೆಗೆ ತೊಟ್ಟರೆ ಹೆಚ್ಚು ಫಲ ಕೊಡುವ ಒಡವೆಗಳ ಗುಂಪಿನ), ಬೆಂಕಿಯ ಪೆಟ್ಟು ಹೆಚ್ಚಿಸುವ ಬಟ್ಟಲು ಬೇಕು ಅಂದುಕೊಳ್ಳಿ. ಡೊಮೇನಿನಲ್ಲಿ ಎರಡು ಸೆಟ್ ಬರುತ್ತವೆ, ಬೇಕಾದದ್ದು ಅರ್ಧದಷ್ಟು ಸಲ. 5 ಒಡವೆಗಳಲ್ಲಿ ಬಟ್ಟಲು ಒಂದು. ಆಟಗಾರರೇ ಕಲೆಹಾಕಿದ ಅಂಕಿಗಳ ಪ್ರಕಾರ ಬಟ್ಟಲುಗಳಲ್ಲಿ ಬೆಂಕಿಯದು ನೂರಕ್ಕೆ 5. ಗುಣಿಸಿದರೆ 200ರಲ್ಲಿ ಒಂದು. ದಿನಕ್ಕೆ ಒಂಬತ್ತೋ ಹತ್ತೋ 5 ಸ್ಟಾರ್ ಒಡವೆ ಬಿದ್ದರೂ ಸರಾಸರಿ 3 ವಾರ. ಅದೂ ಬೆಂಕಿಯ ಪೆಟ್ಟಿನಂಥ ಮುಖ್ಯ ಗುಣ ಒಂದಕ್ಕೆ. ಉಪಗುಣಗಳು ಬೇರೆ ಲಾಟರಿ, ಒಡವೆಯನ್ನು 20ನೇ ಹಂತದವರೆಗೆ ಏರಿಸುವಾಗ ಪ್ರತಿ 4 ಹಂತಕ್ಕೆ ಯಾವ ಉಪಗುಣ ಬೆಳೆಯುತ್ತದೆ ಎಂಬುದು ಇನ್ನೊಂದು ಲಾಟರಿ.

ಸರಾಸರಿ 3 ವಾರ ಎಂಬುದೇ ಮೋಸದ ಮಾತು. ಆ 3 ವಾರ, 200 ಒಡವೆ ಮುಗಿದಾಗಲೂ 100ರಲ್ಲಿ ಸುಮಾರು 37 ಜನರಿಗೆ ಆ ಬಟ್ಟಲು ಸಿಕ್ಕಿರುವುದಿಲ್ಲ. ಇನ್ನೂ 3 ವಾರ ಬಂದರೂ 13 ಜನ ಖಾಲಿ ಕೈ. ಇಲ್ಲಿ 90 ಇಲ್ಲ, 180 ಇಲ್ಲ. ಚೀಟಿ ಹಾಕಿದವನಿಗೆ ಕೊನೆಯ ತಿಂಗಳಿಗಾದರೂ ದುಡ್ಡು ಕೈಸೇರುತ್ತದೆ, ಲಾಟರಿ ಟಿಕೆಟ್ ಕೊಂಡವನಿಗೆ ಆ ಭರವಸೆ ಇಲ್ಲ. ಗೆನ್ಶಿನ್‌ನಲ್ಲಿ ಗಾಚಾ ಚೀಟಿ, ಆರ್ಟಿಫ್ಯಾಕ್ಟ್ ಲಾಟರಿ. ಪಳಗಿದವರು ಒಂದು ಉಪಾಯ ಮಾಡುತ್ತಾರೆ: ಸೆಟ್ಟಿನ ಫಲಕ್ಕೆ 4 ಒಡವೆ ಸಾಕು, ಹಾಗಾಗಿ 5ನೆಯದಾದ ಬಟ್ಟಲನ್ನು ಯಾವ ಸೆಟ್ಟಿನದಾದರೂ ತೊಡಿಸುತ್ತಾರೆ. ಆಗ 100ರಲ್ಲಿ ಒಂದು. ನೆಮ್ಮದಿ ಅಂದರೆ ಅಷ್ಟೇ.

ಈ ಲೆಕ್ಕವನ್ನು ಹಿಡಿದುಕೊಂಡು ಹೋಗಿದ್ದು ನಮ್ಮ ಸಪೋರ್ಟ್ ವಿಭಾಗದ ಮೇಡಂ ಹತ್ತಿರ. ನಮ್ಮದೇ ಹಳೆಯ ಗೇಮಿಗೆ ಬರುವ ದೂರುಗಳನ್ನು ವರ್ಷಗಟ್ಟಲೆ ಓದಿದವರು ಅವರು. ಶೀಟ್ ನೋಡದೆಯೇ ಹೇಳಿದರು: "ಬಾಸ್ ಅನ್ನೋ ದೊಡ್ಡ ಶತ್ರು ಕಷ್ಟ ಅಂತ ಬರೆಯೋರು ಬೈಕೊಂಡು ನಾಳೆ ಮತ್ತೆ ಆಡ್ತಾರೆ ಸರ್. 'ಇನ್ನೆಷ್ಟು ದಿನ' ಅಂತ ಕೇಳೋರು ಇದ್ದಾರಲ್ಲ, ಅವರು ಎರಡನೇ ಸಲ ಬರೆಯಲ್ಲ." ಇನ್‌ಬಾಕ್ಸ್ ತೆರೆದು ತೋರಿಸಿದರು ಕೂಡ. ಬಾಸ್ ಬಗ್ಗೆ ಬೈದು ಬರೆದವರ ಪತ್ರಗಳು ಉದ್ದ, ಅದರಲ್ಲಿ ಸಲಹೆಗಳೂ ಇದ್ದವು. ಕಾದು ಸುಸ್ತಾದವರದು ಒಂದು ಸಾಲು.

ಆಟಗಾರ ಬಾಸ್ ಕೈಯಲ್ಲಿ ಸೋತರೆ ಅವನಿಗೆ ಮಾಡಲು ಕೆಲಸವಿದೆ: ಕ್ರಮ ಬದಲಿಸಬಹುದು, ತಪ್ಪಿಸಿಕೊಳ್ಳುವುದನ್ನು ಕಲಿಯಬಹುದು. ಬಟ್ಟಲು ಬೀಳದಿದ್ದರೆ ಅವನು ಮಾಡಬಹುದಾದ್ದು ಏನೂ ಇಲ್ಲ. ಗೆನ್ಶಿನ್‌ನ ಹೊಡೆದಾಟ ಚೆನ್ನಾಗಿರುವುದರಿಂದಲೇ ಇದು ಇನ್ನೂ ಚುಚ್ಚುತ್ತದೆ. ಕೌಶಲಕ್ಕೆ ಅಷ್ಟು ಬೆಲೆ ಕೊಡುವ ಗೇಮು ಕೊನೆಗೆ ಕೌಶಲ ಕೇಳದ ಕಡೆ ತಂದು ನಿಲ್ಲಿಸುತ್ತದೆ. ಕೆಟ್ಟ ಗೇಮಾಗಿದ್ದರೆ ಜನ ಎಂದೋ ಡಿಲೀಟ್ ಮಾಡಿ ಹೋಗುತ್ತಿದ್ದರು.

2021ರ ಸೆಪ್ಟೆಂಬರಿನ ಗಲಾಟೆಯನ್ನೂ ನಾನು ಹೀಗೇ ಓದುತ್ತೇನೆ. ಮೊದಲ ವಾರ್ಷಿಕೋತ್ಸವಕ್ಕೆ ಕಂಪನಿ ಪ್ರಕಟಿಸಿದ ಉಡುಗೊರೆಗಳು ತೀರಾ ಜುಗ್ಗತನದ್ದಾಗಿದ್ದವು. ಜನ ಪ್ಲೇ ಸ್ಟೋರಿಗೆ ಹೋಗಿ 1 ಸ್ಟಾರ್ ಸುರಿದರು. ಸಿಟ್ಟು ಹೊರಚೆಲ್ಲಿ, ಸಂಬಂಧವೇ ಇಲ್ಲದ ಗೂಗಲ್ ಕ್ಲಾಸ್‌ರೂಮಿಗೂ ಬಿತ್ತು. ಕೊನೆಗೆ ಕಂಪನಿ 4 ದಿನ 400ರಂತೆ 1,600 ಪ್ರಿಮೊಜೆಮ್ ಕೊಟ್ಟಿತು, ಅಂದರೆ 10 ಎಳೆತ. ಕೇಳಿದ್ದು ಹೆಚ್ಚೇನಲ್ಲ. ವರ್ಷವಿಡೀ ದಿನಾ ಬಂದುಹೋದದ್ದನ್ನು ಯಾರಾದರೂ ಲೆಕ್ಕಕ್ಕಿಟ್ಟಿದ್ದಾರೆಯೇ ಎಂಬುದಷ್ಟೇ ಅವರಿಗೆ ಬೇಕಿತ್ತು.

ಹಾಗಾದರೆ ಇಂಥ ಲಾಟರಿ ಯಾಕೆ ಇಟ್ಟರು? ಹೊರಗಿನವರು ದುರಾಸೆ ಅನ್ನುತ್ತಾರೆ. ಒಳಗೆ ಕೂತು ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ. ಗೆನ್ಶಿನ್ 6 ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತದೆ. ಕಲಾವಿದರು ತಿಂಗಳುಗಟ್ಟಲೆ ಕಟ್ಟಿದ ಕಣಿವೆಯನ್ನು ಆಟಗಾರ ಶನಿವಾರ, ಭಾನುವಾರದಲ್ಲಿ ಮುಗಿಸಿಬಿಡುತ್ತಾನೆ. ಉಳಿದ 5 ವಾರ ಅವನು ದಿನಾ ಬರಲು ಏನಾದರೂ ಬೇಕು, ಅದು ಅಗ್ಗದಲ್ಲಿ ತಯಾರಾಗಬೇಕು. ಕೊನೆಯಿಲ್ಲದ ಲಾಟರಿಗಿಂತ ಅಗ್ಗದ್ದು ಯಾವುದೂ ಇಲ್ಲ: ಒಂದು ಟೇಬಲ್, ನಾಲ್ಕು ಕಾಲಮ್ಮು. ನಾನೇ ಮಧ್ಯಾಹ್ನದೊಳಗೆ ಬರೆದು ಕೊಡಬಲ್ಲೆ.

ಕಾನೂನು ಕೂಡ ಈ ಮೂಲೆಯನ್ನು ನೋಡುವುದಿಲ್ಲ. ಜಪಾನ್ 2012ರಲ್ಲಿ ಒಂದು ಬಗೆಯ ಗಾಚಾವನ್ನೇ ನಿಲ್ಲಿಸಿತು. ಚೀನಾ 2017ರಲ್ಲಿ ಸಾಧ್ಯತೆಯ ಅಂಕಿ ಪ್ರಕಟಿಸಲೇಬೇಕೆಂದಿತು, ಅದೇ ವರ್ಷ ಆ್ಯಪಲ್ ಕೂಡ ಹಾಗೇ ಮಾಡಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಗೆನ್ಶಿನ್‌ನವರು 2 ಕೋಟಿ ಡಾಲರಿನ ರಾಜಿಗೆ ಒಪ್ಪಿದರು. 16 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಇಲ್ಲದೆ ಲೂಟ್ ಬಾಕ್ಸ್ ಮಾರುವಂತಿಲ್ಲ. ಇವೆಲ್ಲ ದುಡ್ಡಿಗೆ ಮಾರುವ ಲಾಟರಿಗೆ ಹಾಕಿದ ಬೇಲಿ. ಆರ್ಟಿಫ್ಯಾಕ್ಟನ್ನು ಯಾರೂ ನೇರವಾಗಿ ಮಾರುವುದಿಲ್ಲವಲ್ಲ. ಪ್ರಿಮೊಜೆಮ್ ಕೊಟ್ಟು ರೆಸಿನ್ ತುಂಬಿಸಿಕೊಳ್ಳಬಹುದು, ರೆಸಿನ್‌ನಿಂದ ಡೊಮೇನು. ಹಿತ್ತಲ ಬಾಗಿಲು ಇದೆ, ಬೇಲಿ ಇಲ್ಲ.

ಕಂಪನಿ ಸುಮ್ಮನೆ ಕೂತಿಲ್ಲ ಅನ್ನುವುದನ್ನೂ ಟೇರ್‌ಡೌನಿನಲ್ಲಿ ಬರೆದೆ. ಒಮ್ಮೆಗೆ ಕೂಡಿಡಬಹುದಾದ ರೆಸಿನ್ ಮಿತಿ ಮೊದಲು 120 ಇತ್ತು, ಕೆಲವೇ ವಾರಗಳಲ್ಲಿ 160 ಆಯಿತು, 2024ರಲ್ಲಿ 200. ಬೇಡದ 3 ಒಡವೆ ಕೊಟ್ಟು ಬೇಕಾದ ಸೆಟ್ಟಿನ ಒಂದನ್ನು ಪಡೆಯುವ ದಾರಿ ಬಂತು. 2024ರ ಆಗಸ್ಟಿನ 5.0 ಆವೃತ್ತಿಯಲ್ಲಿ, ಮುಖ್ಯ ಗುಣವನ್ನೂ ಎರಡು ಉಪಗುಣಗಳನ್ನೂ ನಾವೇ ಆರಿಸಿ ಒಡವೆ ಮಾಡಿಕೊಳ್ಳುವ ಎಲಿಕ್ಸಿರ್ ಬಂತು, ಅದೂ ಬಹಳ ಕಡಿಮೆ ಸಂಖ್ಯೆಯಲ್ಲಿ. ಸರಿಯಾದ ಮದ್ದೇ, ಬರಲು ಸುಮಾರು 4 ವರ್ಷ ಹಿಡಿಯಿತು.

ನಮ್ಮ ಗೇಮಿಗೆ ನಾನು ಬರೆದ ಪ್ರಸ್ತಾಪ ಸರಳ: ಏನು ಎಷ್ಟು ಸಲಕ್ಕೆ ಬೀಳಬೇಕೆಂದು ಬರೆಯುವ ಯಾವ ಡ್ರಾಪ್ ಟೇಬಲ್ಲಿಗೂ ಕೊನೆ ಇಲ್ಲದಿರಬಾರದು. ಇಷ್ಟು ಸಲ ಹೋಗಿಯೂ ಬೇಕಾದ ಮುಖ್ಯ ಗುಣ ಬೀಳದಿದ್ದರೆ ಮುಂದಿನದು ಅದೇ. ಪ್ರಾಡಕ್ಟ್ ಮ್ಯಾನೇಜರ್ ಕೇಳಿದರು, "ಅಷ್ಟು ಬೇಗ ಸಿಕ್ಕಿಬಿಟ್ರೆ ಮಾರನೇ ದಿನ ಯಾಕೆ ಬರ್ತಾರೆ ಹೇಳಿ?" ಪ್ರಶ್ನೆ ನ್ಯಾಯದ್ದೇ. ಜಗ್ಗಾಡಿ ಒಂದು ರಾಜಿಗೆ ಬಂದೆವು: ಮುಖ್ಯ ಗುಣಕ್ಕೆ ಮಿತಿ ಇರಲಿ, ಉಪಗುಣ ಅದೃಷ್ಟಕ್ಕೇ ಇರಲಿ. ಸಾಕಾಗುವಷ್ಟು ಒಳ್ಳೆಯದು ಎಲ್ಲರಿಗೂ ಸಿಗುತ್ತದೆ, ಅತ್ಯುತ್ತಮದ ಹಿಂದೆ ಬೀಳುವವರು ಬೀಳಲಿ.

ಈಗ ಜಗಳ ನಡೆದಿರುವುದು ಕೌಂಟರಿನ, ಅಂದರೆ ಎಣಿಕೆ ತೋರಿಸುವ ಅಂಕಿಯ, ಮೇಲೆ. ಗೆನ್ಶಿನ್‌ನಲ್ಲಿ ಪಿಟಿ ಎಷ್ಟಕ್ಕೆ ಬಂದಿದೆ ಎಂದು ಪರದೆಯ ಮೇಲೆ ಎಲ್ಲೂ ತೋರಿಸುವುದಿಲ್ಲ. ಹಳೆಯ ಎಳೆತಗಳ ಪಟ್ಟಿ ತೆಗೆದು ಆಟಗಾರರೇ ಎಣಿಸಿಕೊಳ್ಳಬೇಕು, ಅದಕ್ಕೆಂದೇ ಹೊರಗಿನವರು ವೆಬ್‌ಸೈಟುಗಳನ್ನೂ ಮಾಡಿದ್ದಾರೆ. ನಮ್ಮಲ್ಲಿ ಡೊಮೇನಿನ ಬಾಗಿಲಲ್ಲೇ "ಇನ್ನು ಇಷ್ಟು ಸಲ" ಎಂದು ದೊಡ್ಡದಾಗಿ ಬರೆಯಬೇಕು ಎಂಬುದು ನನ್ನ ವಾದ. ಹಾಗೆ ತೋರಿಸಿದರೆ ಬಾಕಿ ಹೆಚ್ಚಿರುವವನು ಅಲ್ಲಿಂದಲೇ ತಿರುಗಿ ಹೋಗುತ್ತಾನೆ ಎಂಬುದು ಪ್ರಾಡಕ್ಟ್ ಮ್ಯಾನೇಜರ್ ವಾದ. ಗೇಮಿನ ಎರಡು ಬಗೆಯ ಬಿಲ್ಡ್ ಮಾಡಿ, ಅರ್ಧ ಟೆಸ್ಟರುಗಳಿಗೆ ಕೌಂಟರ್ ಕಾಣುವುದು, ಉಳಿದರ್ಧಕ್ಕೆ ಕಾಣದ್ದು ಕೊಡುವುದೆಂದು ಒಪ್ಪಂದವಾಗಿದೆ. ಸಪೋರ್ಟ್ ಮೇಡಂ ಎರಡೂ ಗುಂಪಿನ ಪತ್ರಗಳನ್ನು ಬೇರೆ ಬೇರೆ ಫೋಲ್ಡರಿಗೆ ಹಾಕಲು ಒಪ್ಪಿಕೊಂಡಿದ್ದಾರೆ.