ಪಿಕಪ್‌ನಲ್ಲಿ ಮಲೆನಾಡಿಗೆ ಕ್ಯಾಂಪಿಂಗ್ ಹೊರಡ್ತೀರಾ? ಮೊದಲು ಗಾಡಿ ತೂಕ ಹಾಕಿಸಿ

ಹಾಸನದ ಹೊರಗಿನ ಒಂದು ವೇ ಬ್ರಿಡ್ಜ್. ಜನವರಿ ತಿಂಗಳು, ಬೆಳಿಗ್ಗೆ ಏಳು ಗಂಟೆ. ಮುಂದೆ ಜೋಳ ತುಂಬಿದ ಎರಡು ಲಾರಿ, ಹಿಂದೆ ಒಂದು ಶುಂಠಿ ಗಾಡಿ. ಮಧ್ಯದಲ್ಲಿ ನಮ್ಮ ಡಬಲ್ ಕ್ಯಾಬಿನ್ ಪಿಕಪ್. ಒಳಗೆ ನಾನು, ನನ್ನ ಹೆಂಡತಿ, ಮಗಳು, ಭಾವ. ತೂಕ ಹಾಕುವ ಹುಡುಗ ಬಗ್ಗಿ ನೋಡಿ, "ಏನ್ ಲೋಡ್ ಸಾರ್?" ಅಂದ. "ಮನೆಯವರು, ಟೆಂಟು, ಅಡುಗೆ ಸಾಮಾನು" ಅಂದೆ. ಅವನು ಒಂದು ಕ್ಷಣ ನೋಡಿ, ಗುಂಡಿ ಒತ್ತಿ ಚೀಟಿ ಕೊಟ್ಟ. 2,420 ಕೆಜಿ. ನಮ್ಮ ಆರ್‌ಸಿಯಲ್ಲಿರುವ ಮಿತಿ 2,550. ಇನ್ನೂ 130 ಕೆಜಿ ಕೈಯಲ್ಲಿತ್ತು.

ಆ ಚೀಟಿ ನೋಡಿ ನನಗೆ ಎಷ್ಟು ನೆಮ್ಮದಿ ಆಯ್ತು ಅನ್ನೋದು ಅರ್ಥ ಆಗಬೇಕಾದರೆ ಅದರ ಹಿಂದಿನ ವರ್ಷದ್ದನ್ನು ಹೇಳಬೇಕು.

ಆ ವರ್ಷ ಗಾಡಿ ತಗೊಂಡ ಹೊಸತು. ಹಿಂದಿನ ತೊಟ್ಟಿಗೆ ಕಬ್ಬಿಣದ ಶೀಟಿನ ಮುಚ್ಚಿಗೆ ಮಾಡಿಸಿದ್ದೆ. ಅದರ ಮೇಲೆ ಬಿಚ್ಚಿಕೊಳ್ಳುವ ರೂಫ್ ಟೆಂಟ್. ಒಳಗೆ ದಪ್ಪ ಪ್ಲೈವುಡ್‌ನ ಡ್ರಾಯರ್‌ಗಳು. ಲೈಟಿಗೆ, ಚಿಕ್ಕ ಫ್ರಿಜ್ಜಿಗೆ ಅಂತ ಮನೆಯ ಯುಪಿಎಸ್‌ನ 150 ಎಎಚ್ (ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತೆ ಅನ್ನೋ ಅಳತೆ) ಟ್ಯೂಬುಲರ್ ಬ್ಯಾಟರಿ. ಮೂರು ಕ್ಯಾನ್ ನೀರು. ಮನೆಯ ದೊಡ್ಡ ಸಿಲಿಂಡರ್. ಒಂದೊಂದನ್ನೂ ನೋಡಿದರೆ ತಪ್ಪು ಅನ್ನಿಸುತ್ತಿರಲಿಲ್ಲ. ಇಷ್ಟು ದೊಡ್ಡ ಗಾಡಿ, ಟನ್‌ಗಟ್ಟಲೆ ಹೊರುತ್ತೆ ಅನ್ನೋ ನಂಬಿಕೆ ಬೇರೆ.

ಮುಳ್ಳಯ್ಯನಗಿರಿ ನೋಡಿಕೊಂಡು ಸಂಜೆ ಕೈಮರದ ಕಡೆ ಇಳಿಯುತ್ತಿದ್ದೆವು. ಆ ರಸ್ತೆ ಗೊತ್ತಲ್ವಾ, ಕಿರಿದು, ತಿರುವಿನ ಮೇಲೆ ತಿರುವು, ಎದುರಿಗೆ ಜೀಪು ಬಂದರೆ ನಿಲ್ಲಲೇಬೇಕು. ಮೊದಲು ಸುಟ್ಟ ವಾಸನೆ ಬಂತು. ಎದುರು ಗಾಡಿಯ ಕ್ಲಚ್ ಇರಬೇಕು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಬ್ರೇಕ್ ಪೆಡಲ್ ಯಾವತ್ತಿಗಿಂತ ಎರಡು ಬೆರಳು ಜಾಸ್ತಿ ಕೆಳಗೆ ಹೋಯಿತು. ಹಿಂದೆ ಕೂತಿದ್ದ ಮಗಳು, "ಅಪ್ಪಾ, ಲೈಟು ಮರದ ತುದಿಗೆ ಬೀಳ್ತಿದೆ" ಅಂದಳು. ನಿಜ. ಹಿಂಭಾಗ ಕುಸಿದು ಮೂತಿ ಮೇಲಕ್ಕೆ ಎದ್ದಿತ್ತು. ಅಗಲ ಇದ್ದ ಕಡೆ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆವು. ಭಾವ ಚಕ್ರಕ್ಕೆ ನೀರು ಹಾಕೋಣ ಅಂದರು. ಬೇಡ ಅಂದೆ. ಕಾದ ಡ್ರಮ್ಮು, ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ತಾನಾಗಿ ಆರಬೇಕು. ಆಮೇಲೆ ಕೆಳಗೆ ಬರುವ ತನಕ ಒಂದನೇ, ಎರಡನೇ ಗೇರ್ ಬಿಡಲಿಲ್ಲ. ಹೆಂಡತಿ ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಊರಿಗೆ ಬಂದ ಮೇಲೆ, ಏನನ್ನೂ ಇಳಿಸದೆ, ನಾಲ್ಕೂ ಜನ ಕೂತೇ ತೂಕ ಹಾಕಿಸಿದೆ. 2,720. ಮಿತಿಗಿಂತ 170 ಕೆಜಿ ಜಾಸ್ತಿ. ಮಲೆನಾಡಿನ ಲೆಕ್ಕದಲ್ಲಿ ಹೇಳಬೇಕಾದರೆ, 50 ಕೆಜಿಯ ಮೂರು ಚೀಲಕ್ಕಿಂತ ಜಾಸ್ತಿ ಕಾಫಿಯನ್ನು ಗೊತ್ತಿಲ್ಲದೆ ಹೊತ್ತುಕೊಂಡು ಬೆಟ್ಟ ಇಳಿದಿದ್ದೆವು.

ಲೆಕ್ಕ ಹಾಕುವ ರೀತಿ ಸುಲಭ. ಆರ್‌ಸಿಯಲ್ಲಿ ಎರಡು ತೂಕ ಇರುತ್ತೆ. ಒಂದು ಖಾಲಿ ಗಾಡಿಯದ್ದು, ಇನ್ನೊಂದು ಎಲ್ಲಾ ಸೇರಿ ಮೀರಬಾರದ ಒಟ್ಟು ತೂಕ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದದ್ದು. ಆದರೆ ಆರ್‌ಸಿಯ ಖಾಲಿ ತೂಕವನ್ನು ಪೂರ್ತಿ ನಂಬಬೇಡಿ. ನಮ್ಮದರಲ್ಲಿ 1,920 ಅಂತ ಇದೆ. ಟ್ಯಾಂಕ್ ತುಂಬಾ ಡೀಸೆಲ್ ಹಾಕಿಸಿ, ಯಾರೂ ಕೂರದೆ ತೂಗಿದಾಗ 1,980 ಬಂತು. ಒಂದು ಲೀಟರ್ ಡೀಸೆಲ್ ಸುಮಾರು 830ರಿಂದ 850 ಗ್ರಾಂ ತೂಗುತ್ತೆ. ದೊಡ್ಡ ಟ್ಯಾಂಕ್ ತುಂಬಿದರೆ ಅಲ್ಲೇ 60 ಕೆಜಿ ಹೋಯಿತು. ಹಾಗಾಗಿ ನಮಗೆ ನಿಜವಾಗಿ ಉಳಿದದ್ದು 570. ಅದರಲ್ಲಿ ನಾವು ನಾಲ್ಕು ಜನವೇ 250. ಜನರನ್ನು ಲೆಕ್ಕಕ್ಕೆ ಸೇರಿಸುವುದನ್ನು ತುಂಬಾ ಜನ ಮರೀತಾರೆ, ನಾನೂ ಮರೆತಿದ್ದೆ. ಸಾಮಾನಿಗೆ ಸಿಕ್ಕಿದ್ದು 320 ಕೆಜಿ ಮಾತ್ರ. ನಮ್ಮ ಮುಚ್ಚಿಗೆ, ರೂಫ್ ಟೆಂಟ್, ಡ್ರಾಯರ್ ಮೂರೇ 245 ಕೆಜಿ ತಿಂದಿದ್ದವು. ಇನ್ನೂ ಒಂದು ಲೋಟ ಇಟ್ಟಿಲ್ಲ, ಒಂದು ಕಂಬಳಿ ಇಟ್ಟಿಲ್ಲ!

ಒಟ್ಟು ತೂಕದ ಜೊತೆಗೆ ಇನ್ನೊಂದು ವಿಷಯ. ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಗಿಸಿ. ಮೊದಲು ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರಂ ಮೇಲೆ ಹತ್ತಿಸಿ ಒಂದು ಚೀಟಿ, ಆಮೇಲೆ ಪೂರ್ತಿ ಗಾಡಿಗೆ ಒಂದು ಚೀಟಿ. ಕಳೆದರೆ ಹಿಂದಿನದ್ದು ಸಿಗುತ್ತೆ. ನಮ್ಮ ಖಾಲಿ ಗಾಡಿಗೆ ಮುಂದೆ 1,110, ಹಿಂದೆ 870 ಇತ್ತು. ಆ ಮೊದಲ ಪ್ರವಾಸದ ಲೋಡಿನಲ್ಲಿ ಮುಂದೆ 1,120, ಹಿಂದೆ 1,600. ಅಂದರೆ 740 ಕೆಜಿ ಹೇರಿದ್ದರಲ್ಲಿ ಮುಂದಕ್ಕೆ ಬಂದದ್ದು ಬರೀ 10 ಕೆಜಿ. ಕಾರಣ, ಬ್ಯಾಟರಿ, ನೀರು, ಸಿಲಿಂಡರ್ ಎಲ್ಲಾ ಕೈಗೆ ಸಿಗಲಿ ಅಂತ ಹಿಂಬಾಗಿಲ ಹತ್ತಿರ ಇಟ್ಟಿದ್ದೆ. ಹಿಂದಿನ ಆಕ್ಸಲ್‌ನಿಂದ (ಎರಡು ಚಕ್ರ ಸೇರಿಸುವ ಅಡ್ಡ ದಂಡ) ಆಚೆ ಇಟ್ಟ ತೂಕ ಸೀ-ಸಾ ಆಟದ ಹಾಗೆ ಮುಂಭಾಗವನ್ನು ಎತ್ತುತ್ತೆ. ಸ್ಟಿಯರಿಂಗ್ ಹಗುರ ಆಗುತ್ತೆ, ಲೈಟ್ ಮೇಲಕ್ಕೆ ಹೋಗುತ್ತೆ, ಮುಂದಿನ ಚಕ್ರ ರಸ್ತೆಯನ್ನು ಸರಿಯಾಗಿ ಹಿಡಿಯಲ್ಲ. ಒದ್ದೆ ತಿರುವಿನಲ್ಲಿ ಇದು ಬಹಳ ಅಪಾಯ.

"ಹಿಂದೆ ಇನ್ನೊಂದು ಪ್ಲೇಟ್ ಹಾಕ್ಸಿಬಿಡಿ ಸಾರ್, ಕುಸಿಯೋದೇ ಇಲ್ಲ" ಅಂತ ಹೇಳುವವರು ಸಿಗ್ತಾರೆ. ನನಗೂ ಸಿಕ್ಕರು. ಪ್ಲೇಟ್, ಅಂದರೆ ಸ್ಪ್ರಿಂಗ್ ಪಟ್ಟಿ, ಹಾಕಿದರೆ ಗಾಡಿ ನೇರ ನಿಲ್ಲಬಹುದು. ಬ್ರೇಕು, ಆಕ್ಸಲ್, ಬೇರಿಂಗ್, ಚಾಸಿ ಹಳೆಯವೇ ಅಲ್ವಾ? ಆರ್‌ಸಿಯ ಮಿತಿ ಒಂದು ಗ್ರಾಂ ಕೂಡ ಏರಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಮಿತಿ ಮೀರಿ ಲೋಡ್ ಹಾಕಿದರೆ ಕಾನೂನಿನಲ್ಲಿ 20,000 ರೂಪಾಯಿ ದಂಡ ಇದೆ, ಹೆಚ್ಚುವರಿ ಟನ್ನಿಗೆ 2,000 ಬೇರೆ. ಮುಂದಿನ ಬುಲ್ ಬಾರ್ (ಬಂಪರಿನ ಮುಂದೆ ಕಟ್ಟುವ ಕಬ್ಬಿಣದ ಗಾರ್ಡ್) ಅಂತೂ 2017ರ ಕೊನೆಯಲ್ಲೇ ನಿಷೇಧ ಆಗಿದೆ. ಕಾಯಂ ಆಗಿ ಏನನ್ನಾದರೂ ವೆಲ್ಡ್ ಮಾಡಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಮಾಡಿಸಿದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಆ ವರ್ಷ ಪೂರ್ತಿ ನಾನು ಗಾಡಿಯಿಂದ ಸಾಮಾನು ಇಳಿಸುವ ಕೆಲಸವನ್ನೇ ಮಾಡಿದೆ.

ಕಬ್ಬಿಣದ ಮುಚ್ಚಿಗೆ ಮಾರಿದೆ. ಅದರ ಬದಲು ಪೈಪಿನ ಕಮಾನು, ಮೇಲೆ ದಪ್ಪ ತಾಡಪಾಲು. ಬೋಲ್ಟ್ ಬಿಚ್ಚಿದರೆ ಹತ್ತು ನಿಮಿಷದಲ್ಲಿ ಹೊರಗೆ. ಎರಡೂ ಸೇರಿ 34 ಕೆಜಿ, ಮೊದಲು 110 ಇತ್ತು. ವೆಲ್ಡಿಂಗ್ ಅಂಗಡಿಯ ಅಣ್ಣ ಕಮಾನಿಗೆ ಹಿಂದಕ್ಕೆ ಸ್ವಲ್ಪ ಇಳಿಜಾರು ಕೊಟ್ಟರು. ನಾನು ಕೇಳಿರಲಿಲ್ಲ. "ಮಲ್ನಾಡಿಗೆ ಹೋಗ್ತೀರಲ್ಲ, ನೀರು ನಿಂತ್ರೆ ತಾಡಪಾಲು ಜೋಲುತ್ತೆ" ಅಂದರು. ಎರಡನೇ ರಾತ್ರಿ ಮಂಜು ಮಳೆಯ ಹಾಗೆ ತೊಟ್ಟಿಕ್ಕಿದಾಗ ಅವರ ಮಾತಿನ ಬೆಲೆ ತಿಳಿಯಿತು.

ರೂಫ್ ಟೆಂಟ್ ಹೋಯಿತು, 8 ಕೆಜಿಯ ನೆಲದ ಟೆಂಟ್ ಬಂತು. ರೂಫ್ ಟೆಂಟ್ ಬೇಕೇ ಬೇಕು ಅನ್ನುವವರು ಒಂದು ಗಮನಿಸಿ. ಕ್ಯಾರಿಯರ್‌ಗೆ ಗಾಡಿ ಓಡುವಾಗಿನ ಮಿತಿ ಬೇರೆ, ನಿಂತಾಗಿನದ್ದು ಬೇರೆ. ಓಡುವಾಗಿನದ್ದು ಬಹಳ ಕಡಿಮೆ. ತಲೆಯ ಮೇಲೆ 65 ಕೆಜಿ ಇಟ್ಟುಕೊಂಡು ಘಾಟಿ ತಿರುವಿಗೆ ಹೋದಾಗ ಗಾಡಿ ವಾಲುವುದು ಕೂತವರ ಹೊಟ್ಟೆಗೇ ಗೊತ್ತಾಗುತ್ತೆ. ನಮ್ಮಲ್ಲಿ ಹೆಂಡತಿ, ಮಗಳು ತೊಟ್ಟಿಯಲ್ಲಿ ಹಾಸಿಗೆ ಹಾಸಿ ಮಲಗುತ್ತಾರೆ. ನಾನು, ಭಾವ ನೆಲದ ಟೆಂಟಿನಲ್ಲಿ.

ಡ್ರಾಯರ್ ಜಾಗಕ್ಕೆ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ನಾಲ್ಕು, ಒಂದೊಂದು ಎರಡು ಕೆಜಿ. 55 ಕೆಜಿಯ ಟ್ಯೂಬುಲರ್ ಲೆಡ್ ಬ್ಯಾಟರಿ ಮನೆಗೆ ವಾಪಸ್ ಹೋಯಿತು. 12 ಕೆಜಿಯ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆ. ಬೆಲೆ ಜಾಸ್ತಿ, ಇದೊಂದಕ್ಕೆ ದುಡ್ಡು ಹಾಕಿದ್ದು ನನಗೆ ಬೇಜಾರಿಲ್ಲ. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತೆ. ಲಿಥಿಯಂನಲ್ಲಿ ನೂರಕ್ಕೆ ಎಂಬತ್ತು ಧೈರ್ಯವಾಗಿ ಬಳಸಬಹುದು. ಹಾಗಾಗಿ ನಂಬರ್ ಚಿಕ್ಕದಾದರೂ ಸಿಗುವ ಕರೆಂಟು ಹೆಚ್ಚುಕಡಿಮೆ ಅಷ್ಟೇ. ಮನೆಯ 14.2 ಕೆಜಿ ಗ್ಯಾಸಿನ ಸಿಲಿಂಡರ್ ಕಬ್ಬಿಣ ಸೇರಿ 30 ಕೆಜಿ ಮುಟ್ಟುತ್ತೆ. ಮೂರು ದಿನಕ್ಕೆ 5 ಕೆಜಿಯ ಚಿಕ್ಕದು ಧಾರಾಳ ಸಾಕು. ಅದನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ, ರೆಗ್ಯುಲೇಟರ್ ತೆಗೆದು ಕ್ಯಾಪ್ ಹಾಕಿ. ಗಾಳಿ ಆಡುವ ತೊಟ್ಟಿಯಲ್ಲೇ ಇರಲಿ, ಕ್ಯಾಬಿನ್ ಒಳಗೆ ಬೇಡ. ಯಾರಾದರೂ ತೊಟ್ಟಿಯಲ್ಲಿ ಮಲಗುವ ರಾತ್ರಿ ಅದನ್ನು ಕೆಳಗಿಳಿಸಿ ದೂರ ಇಡಿ.

ಇನ್ನು ನೀರು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ವೀಡಿಯೊಗಳಲ್ಲಿ ನೋಡುವ ಗಾಡಿಗಳು ಮರುಭೂಮಿಗೋ, ಲಡಾಖ್‌ಗೋ ಸಜ್ಜಾದವು. 60 ಲೀಟರ್ ನೀರು, ಎರಡು ಕ್ಯಾನ್ ಡೀಸೆಲ್ ಅಲ್ಲಿ ಬೇಕು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಮಲೆನಾಡಿನಲ್ಲಿ ಅಷ್ಟು ನೀರು ಹೊತ್ತು ಯಾಕೆ ತಿರುಗಬೇಕು? ನಾವು ಹೋದ ದಾರಿ ಹಾಸನ, ಬೇಲೂರು, ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು, ಕಳಸ, ಕೊಟ್ಟಿಗೆಹಾರ, ಮೂಡಿಗೆರೆ, ಸಕಲೇಶಪುರ, ವಾಪಸ್ ಹಾಸನ. ಈ ದಾರಿಯಲ್ಲಿ ನೀರಾಗಲಿ ಡೀಸೆಲ್ ಆಗಲಿ ಸಿಗದೆ ಒದ್ದಾಡುವ ಜಾಗ ಇಲ್ಲ. 20 ಲೀಟರಿನ ಒಂದು ಕ್ಯಾನ್ ಸಾಕು. ಬೆಳಿಗ್ಗೆ ಅರ್ಧ ತುಂಬಿಸಿ ಹೊರಡಿ, ಸಂಜೆ ತಂಗುವ ಜಾಗದಲ್ಲಿ ಪೂರ್ತಿ ತುಂಬಿಸಿ. ಅಕ್ಕಿ, ಬೇಳೆಯೂ ಹಾಗೆಯೇ. ಕಳಸದಿಂದ ಹೊರನಾಡು ಹತ್ತಿರ. ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಒಂದು ಹೊತ್ತಿನ ಊಟ ಆಯಿತು. ಕೊಟ್ಟಿಗೆಹಾರಕ್ಕೆ ಬಂದು ನೀರ್‌ದೋಸೆ ತಿನ್ನದೆ ಹೋಗುವವರುಂಟಾ? ನಮ್ಮ ಅಡುಗೆ ಇದ್ದದ್ದು ರಾತ್ರಿಗೆ ಮಾತ್ರ. ಹೆಂಡತಿ ಅಕ್ಕಿ ಹಿಟ್ಟು, ಚಟ್ನಿಪುಡಿ, ಒಂದು ಸಣ್ಣ ಕಾವಲಿ, ಕಾಫಿಪುಡಿ ಇಷ್ಟನ್ನೇ ಲೆಕ್ಕ ಹಾಕಿ ಇಟ್ಟಿದ್ದಳು. ಅಡುಗೆ ಕ್ರೇಟಿನ ಪಟ್ಟಿ ಅವಳದ್ದೇ, ನಾನು ಕೈ ಹಾಕಲಿಲ್ಲ.

ಉಳಿಸಿದ ತೂಕದಲ್ಲಿ ಸ್ವಲ್ಪವನ್ನು ಬೇಕಾದದ್ದಕ್ಕೆ ಬಳಸಿ. ಗಾಳಿ ತುಂಬುವ ಪಂಪು, ಎಳೆಯುವ ಹಗ್ಗ, ಜಾಕಿನ ಕೆಳಗೆ ಇಡಲು ಒಂದು ಮರದ ಹಲಗೆ, ಚಕ್ರಕ್ಕೆ ಒಡ್ಡಲು ಎರಡು ಮರದ ತುಂಡು. ಎಲ್ಲಾ ಸೇರಿ 18 ಕೆಜಿ. ಭಾರದ ಸಾಮಾನನ್ನು ಕ್ಯಾಬಿನ್ ಗೋಡೆಗೆ ಒತ್ತಿ, ತಳದಲ್ಲಿ ಇಡಿ. ಹಾಸಿಗೆ, ಬಟ್ಟೆ ಹಿಂದಕ್ಕೆ. ಹೀಗೆ ಜೋಡಿಸಿದ ಮೇಲೆ ನಮ್ಮ ಚೀಟಿಯಲ್ಲಿ ಮುಂದೆ 1,190, ಹಿಂದೆ 1,230 ಬಂತು. ಟೈರ್ ಗಾಳಿಗೆ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ. ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತೆ.

ರಾತ್ರಿ ಎಲ್ಲಿ ನಿಲ್ಲಬೇಕು ಅನ್ನುವುದು ತೂಕದಷ್ಟೇ ಮುಖ್ಯ. ಕಾಡಿನಲ್ಲಿ, ರಸ್ತೆ ಪಕ್ಕ, ಬೆಟ್ಟದ ಬಯಲಲ್ಲಿ ಟೆಂಟ್ ಹಾಕಬೇಡಿ. ಅರಣ್ಯದಲ್ಲಿ ಅನುಮತಿ ಇಲ್ಲದೆ ತಂಗುವ ಹಾಗಿಲ್ಲ. ಮೇಲಾಗಿ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ತೋಟದೊಳಗೇ ತಿರುಗುತ್ತವೆ. ನಾವು ಎರಡು ರಾತ್ರಿಯೂ ತೋಟದ ಹೋಂಸ್ಟೇ ಅಂಗಳದಲ್ಲಿ, ಮೊದಲೇ ಫೋನ್ ಮಾಡಿ ಕೇಳಿ ನಿಂತೆವು. ಶೌಚಾಲಯ, ನೀರು ಸಿಕ್ಕಿತು. ಆಲ್ದೂರಿನ ಹತ್ತಿರದ ತೋಟದ ಯಜಮಾನರು ನಮ್ಮ ತೊಟ್ಟಿಗೆ ಇಣುಕಿ ಮೊದಲು ಕೇಳಿದ್ದು, "ಬಾಳೆಗೊನೆ, ಹಲಸು ಏನಾದ್ರೂ ಇದೆಯಾ?" ಬೇಲೂರಿನಲ್ಲಿ ಕೊಂಡ ಒಂದು ಚಿಪ್ಪು ಬಾಳೆಹಣ್ಣಿತ್ತು. "ಅದನ್ನ ಒಳಗೆ ಕೊಡಿ ಮಗಾ, ಗಾಡೀಲಿ ಬೇಡ. ಆನೆಗೆ ವಾಸನೆ ಸಾಕು" ಅಂತ ತಗೊಂಡು ಹೋಗಿ ಅಡುಗೆ ಮನೆಯಲ್ಲಿ ಇಟ್ಟರು. ಆ ಸುತ್ತ ಆನೆ ಎಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬರುತ್ತಿರುತ್ತೆ. ಸಂಜೆ ಆರರ ಒಳಗೆ ಜಾಗ ಸೇರಿಕೊಳ್ಳಿ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಂತೂ ಕ್ಯಾಂಪ್ ಮಾತೇ ಇಲ್ಲ. ಮುಳ್ಳಯ್ಯನಗಿರಿಗೆ ಹೋಗುವವರು ಮೊದಲೇ ಆನ್‌ಲೈನ್ ಬುಕಿಂಗ್ ನೋಡಿಕೊಳ್ಳಿ. ಸಾಮಾನನ್ನೆಲ್ಲ ತಂಗಿದ ಕಡೆ ಇಳಿಸಿ ಹಗುರವಾಗಿ ಹತ್ತಿದರೆ ಇನ್ನೂ ಒಳ್ಳೆಯದು. ನಾವು ಈ ಸಲ ಹಾಗೇ ಮಾಡಿದೆವು. ಅದೇ ತಿರುವುಗಳು, ಅದೇ ಇಳಿಜಾರು. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸಿತು. ಹಿಂದಿನ ವರ್ಷ ನಿಂತಿದ್ದ ಜಾಗ ಬಂದಾಗ ಮಗಳೇ ತೋರಿಸಿದಳು.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆ ಕಾಲ. ಕಾಫಿ ಕೊಯ್ಲು ನಡೀತಿರುತ್ತೆ, ತೋಟದ ರಸ್ತೆಯಲ್ಲಿ ಟ್ರ್ಯಾಕ್ಟರ್, ಆಳುಗಳ ಜೀಪು ಬರ್ತಿರುತ್ತವೆ, ದಾರಿ ಬಿಡಿ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಮಣ್ಣು ಕುಸಿಯುತ್ತೆ, ಟೆಂಟಿಗೆ ಇಂಬಳ ಹತ್ತುತ್ತೆ.

ಮುಂದಿನ ಸಲಕ್ಕೆ ಎರಡು ಬದಲಾವಣೆ ಗುರುತು ಹಾಕಿಕೊಂಡಿದ್ದೇವೆ. ಮಡಚುವ ಮೇಜನ್ನು ಒಮ್ಮೆಯೂ ಬಿಚ್ಚಲಿಲ್ಲ, ಅದು 7 ಕೆಜಿ, ಮನೆಯಲ್ಲೇ ಇರಲಿ. ಜನವರಿಯ ಚಳಿಗೆ ಕಂಬಳಿ ಸಾಲಲಿಲ್ಲ, ಇನ್ನೆರಡು ಬೇಕು. ತೂಕದ ಚೀಟಿಗಳನ್ನು ಮಗಳು ಕ್ಲಿಪ್ ಹಾಕಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದಾಳೆ.