ಬಳ್ಳಾರಿ ಬಿಸಿಲಿನಲ್ಲಿ ಫ್ಯಾನಿಲ್ಲದ ಕಂಪ್ಯೂಟರ್: ಇಲ್ಲಿಯವರೆಗಿನ ಕಥೆ

ಕಳೆದ ಸಲ ಬರೆದಾಗ ಸಾಮಾನೆಲ್ಲ ಡಬ್ಬದಲ್ಲೇ ಇತ್ತು. ಈಗ ಜೋಡಿಸಿ ಆಗಿದೆ, ಮಷೀನು ಓಡುತ್ತಿದೆ. ಪವರ್ ಬಟನ್ ಒತ್ತಿದರೆ ಒಂದು ಸಣ್ಣ ದೀಪ ಹತ್ತುತ್ತದೆ, ಅಷ್ಟೇ. ಮೊದಲ ಸಲ ಆನ್ ಮಾಡಿದಾಗ ಮನೆಯವಳು "ಕರೆಂಟ್ ಇಲ್ವಾ?" ಅಂತ ಕೇಳಿದಳು.

ಹೊಸಬರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ಮನೆಯವಳು ಮಕ್ಕಳ ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತಾಳೆ, ನಾನು ಎಡಿಟ್ ಮಾಡುತ್ತೇನೆ. ಮೈಕು, ಕಂಪ್ಯೂಟರು ಎರಡೂ ಒಂದೇ ಕೋಣೆಯಲ್ಲಿ. ಹಳೇ ಮಷೀನಿನ ಫ್ಯಾನ್ ಸದ್ದು ಪ್ರತಿ ರೆಕಾರ್ಡಿಂಗಿನಲ್ಲೂ ಕೂತಿರುತ್ತಿತ್ತು. ಆಡಿಯೋ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ ಹಾಕಿದರೆ ಆ ಸದ್ದು ಹೋಗುತ್ತದೆ ನಿಜ, ಆದರೆ ಜಾಸ್ತಿ ಹಾಕಿದರೆ ಅದರ ಜೊತೆ ಸ, ಶ, ಷಗಳ ಚೂಪು ಕೂಡ ಹೋಗಿ ದನಿ ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ಇನ್ನೊಂದು ಕಾರಣ ನಮ್ಮೂರಿನ ಕೆಂಪು ಧೂಳು. ಫ್ಯಾನ್ ಇದ್ದ ಕ್ಯಾಬಿನೆಟ್ ಬಿಚ್ಚಿದರೆ ಹೀಟ್‌ಸಿಂಕಿನ (ಪ್ರೊಸೆಸರಿನ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ರೆಕ್ಕೆಗಳ ಕಟ್ಟು) ಸಂದಿಯಲ್ಲೆಲ್ಲ ಕೆಂಪಗೆ ಮೆತ್ತಿಕೊಂಡಿರುತ್ತಿತ್ತು. ಫ್ಯಾನೇ ಇಲ್ಲದಿದ್ದರೆ ಧೂಳನ್ನು ಒಳಗೆ ಎಳೆಯುವವರು ಯಾರು?

"ತಲೆ ಮೇಲೆ ಸೀಲಿಂಗ್ ಫ್ಯಾನ್ ಗರಗರ ಅನ್ನುವಾಗ ಇದೆಂಥಾ ಸೈಲೆಂಟ್ ಮಾರಾಯಾ" ಅಂತ ಗೆಳೆಯನೊಬ್ಬ ನಕ್ಕ. ನಗಲಿ. ಸೀಲಿಂಗ್ ಫ್ಯಾನಿಗೆ ಸ್ವಿಚ್ ಇದೆ, ರೆಕಾರ್ಡ್ ಮಾಡುವಾಗ ಆರಿಸುತ್ತೇವೆ. ಆದರೆ ಈ ಪ್ರಾಜೆಕ್ಟಿನ ಅಸಲಿ ತೊಡಕು ಇರುವುದು ಅವನ ಮಾತಿನಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಪ್ರೊಸೆಸರ್ ಎಎಂಡಿ ರೈಜನ್ 5 5600ಜಿ. ಆರು ಕೋರ್, ಗ್ರಾಫಿಕ್ಸ್ ಒಳಗೇ ಇದೆ, ಹಾಗಾಗಿ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ, ಅದರ ಫ್ಯಾನೂ ಬೇಡ. ಇಂಟೆಲ್ ಎನ್100 ಪ್ರೊಸೆಸರ್ ಇರುವ ಮದರ್‌ಬೋರ್ಡ್ ತಗೊಂಡಿದ್ದರೆ ಕೆಲಸ ಇನ್ನೂ ಸುಲಭವಾಗುತ್ತಿತ್ತು. ಅದು ಬರೀ 6 ವ್ಯಾಟಿನ ಪ್ರೊಸೆಸರ್, ಕೆಲವು ಬೋರ್ಡ್‌ಗಳಲ್ಲಿ ಹೀಟ್‌ಸಿಂಕ್ ಕೂಡ ಅಂಟಿಕೊಂಡೇ ಬರುತ್ತದೆ. ಬ್ಯಾಂಕ್ ಕೆಲಸ, ಯೂಟ್ಯೂಬ್, ಟೈಪಿಂಗ್ ಇಷ್ಟೇ ಇದ್ದರೆ ಸುಮ್ನೆ ಅದನ್ನೇ ತಗೊಳ್ಳಿ, ಇಷ್ಟೆಲ್ಲ ಒದ್ದಾಟ ಬೇಕಿಲ್ಲ. ನನಗೆ ಆಡಿಯೋ ಜೊತೆ ಆಗಾಗ ವಿಡಿಯೋ ಎಕ್ಸ್‌ಪೋರ್ಟೂ ಇರುತ್ತದೆ, ಅದಕ್ಕೆ ಬಿಟ್ಟೆ.

ಹೀಟ್‌ಸಿಂಕ್ ನಾಕ್ಚುವಾ ಕಂಪನಿಯ ಎನ್‌ಎಚ್-ಪಿ1. 2021ರಲ್ಲಿ ಬಂದದ್ದು, ಫ್ಯಾನ್ ಇಲ್ಲದೆ ಓಡಲಿ ಅಂತಲೇ ಮಾಡಿದ್ದು. ತೂಕ 1 ಕೇಜಿ 180 ಗ್ರಾಂ, ಎತ್ತರ ಸುಮಾರು 16 ಸೆಂಟಿಮೀಟರ್. ಕೈಯಲ್ಲಿ ಹಿಡಿದರೆ ಮಾಮೂಲಿ ಹೀಟ್‌ಸಿಂಕಿಗೂ ಇದಕ್ಕೂ ಇರುವ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮಾಮೂಲಿಯದರಲ್ಲಿ ರೆಕ್ಕೆಗಳು ತೆಳು, ಒತ್ತೊತ್ತಾಗಿರುತ್ತವೆ, ಗಾಳಿ ದೂಡಲು ಫ್ಯಾನ್ ಇದೆಯಲ್ಲ. ಇದರಲ್ಲಿ ರೆಕ್ಕೆ ದಪ್ಪ, ನಡುವೆ ಬೆರಳ ತುದಿ ತೂರುವಷ್ಟು ಸಂದಿ. ಬಿಸಿ ಗಾಳಿ ತಾನಾಗಿಯೇ ಮೇಲೇಳಬೇಕು ಅಂದರೆ ಅಷ್ಟು ಜಾಗ ಬೇಕೇ ಬೇಕು. ಬೆಲೆ ಮಾತ್ರ ಹೆಚ್ಚುಕಡಿಮೆ ಪ್ರೊಸೆಸರಿನಷ್ಟೇ ಬಿತ್ತು.

ಕೂರಿಸುವಾಗ ಒಂದೇ ವಿಷಯ ನೋಡಬೇಕು, ಆದರೆ ಅದನ್ನು ನೋಡಲೇಬೇಕು. ಕ್ಯಾಬಿನೆಟ್ ನಿಂತಾಗ ರೆಕ್ಕೆಗಳ ಸಂದಿ ಕೆಳಗಿಂದ ಮೇಲಕ್ಕೆ ತೆರೆದಿರಬೇಕು. ಅಡ್ಡ ಕೂರಿಸಿದರೆ ಬಿಸಿ ಗಾಳಿ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕ್ಯಾಬಿನೆಟ್ಟಿನ ತಳ ಮತ್ತು ಮೇಲ್ಭಾಗ ಎರಡೂ ಜಾಲರಿಯದ್ದು ಆರಿಸಿದ್ದು ಇದಕ್ಕೇ. ಹಳೇ ಅಡುಗೆಮನೆಯ ಹೊಗೆಗೂಡಿನ ಹಾಗೆ, ಕೆಳಗಿಂದ ತಣ್ಣನೆ ಗಾಳಿ ಬಂದರೆ ಮಾತ್ರ ಮೇಲಿಂದ ಬಿಸಿ ಹೊರಗೆ ಹೋಗುತ್ತದೆ. ತಳಕ್ಕೆ ಇನ್ನೆರಡು ಇಂಚು ಎತ್ತರ ಸಿಗಲಿ ಅಂತ ನಾಲ್ಕು ಮೂಲೆಗೂ ಮರದ ತುಂಡು ಕೊಟ್ಟಿದ್ದೇನೆ. ನೋಡಲು ಚೆಂದವಿಲ್ಲ, ಕೆಲಸ ಮಾಡುತ್ತದೆ.

ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಸೀಸಾನಿಕ್ ಕಂಪನಿಯ 450 ವ್ಯಾಟಿನದು, ಅದರಲ್ಲೂ ಫ್ಯಾನ್ ಇಲ್ಲ. ಒಳಗೆ ಹಾರ್ಡ್‌ಡಿಸ್ಕ್ ಕೂಡ ಇಲ್ಲ, ಅದರ ಕಟಕಟ ಈ ಮೌನದಲ್ಲಿ ಎದ್ದು ಕೇಳುತ್ತದೆ. ಹಳೇ ಫೈಲುಗಳ ಡಿಸ್ಕನ್ನು ಬ್ಯಾಕಪ್ ಮಾಡುವಾಗ ಮಾತ್ರ ಹೊರಗಿಂದ ಸಿಕ್ಕಿಸುತ್ತೇನೆ.

ಈಗ ಬಿಸಿಯ ಲೆಕ್ಕ. ಹೊರದೇಶದವರು ಇಂಥ ಮಷೀನು ಕಟ್ಟಿ ತೋರಿಸುವಾಗ ಅವರ ಕೋಣೆ 20-22 ಡಿಗ್ರಿ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ನನ್ನ ಕೋಣೆಯೊಳಗೇ 36. ಹೀಟ್‌ಸಿಂಕ್ ಸುತ್ತಲಿನ ಗಾಳಿಗಿಂತ ತಣ್ಣಗಾಗುವುದಿಲ್ಲ, ಅಲ್ವಾ? ಅಂದರೆ ಅವರ ಲೆಕ್ಕಕ್ಕೆ ಇನ್ನೊಂದು ಹದಿನೈದು ಡಿಗ್ರಿ ಸೇರಿಸಿಕೊಂಡೇ ಶುರು ಮಾಡಬೇಕು. ಅವರಲ್ಲಿ 75 ತೋರಿಸಿದ್ದು ನಮ್ಮಲ್ಲಿ 90. ಈ ಪ್ರೊಸೆಸರಿನ ಮಿತಿ 95, ಅದಕ್ಕೆ ಹತ್ತಿರ ಬಂದರೆ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.

ಡಬ್ಬದ ಮೇಲೆ 65 ವ್ಯಾಟ್ ಅಂತ ಬರೆದಿದ್ದನ್ನು ಪೂರ್ತಿ ನಂಬಬೇಡಿ. 65 ವ್ಯಾಟಿನ ಈ ಪ್ರೊಸೆಸರಿಗೆ ಬೋರ್ಡ್ 88 ವ್ಯಾಟಿನವರೆಗೆ ಬಿಡುತ್ತದೆ. ಬೋರ್ಡಿನ ಸೆಟ್ಟಿಂಗ್ಸ್ ಇರುವ ಬಯಾಸ್‌ನಲ್ಲಿ ಪಿಪಿಟಿ ಅಂತ, ಪ್ರೊಸೆಸರ್ ಎಷ್ಟು ವ್ಯಾಟ್ ತಿನ್ನಬಹುದು ಅನ್ನುವ ಮಿತಿ ಇದೆ, ಅದನ್ನು ಇಳಿಸಬಹುದು. ಮೊದಲು 60 ವ್ಯಾಟಿಗೆ ಇಟ್ಟು ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದೆ. ಹತ್ತು ನಿಮಿಷ ನೋಡಿದರೆ 70 ಡಿಗ್ರಿಯ ಆಸುಪಾಸು, ಪರವಾಗಿಲ್ಲವೇ ಅನಿಸುತ್ತದೆ. ಆದರೆ ಒಂದು ಕೇಜಿಗೂ ಮೀರಿದ ಲೋಹ ಕಾಯಲು ಹೊತ್ತು ಬೇಕು, ಅದು ಮೆಲ್ಲಗೆ ಏರುತ್ತಲೇ ಇರುತ್ತದೆ. ಮುಕ್ಕಾಲು ಗಂಟೆ ಆದಮೇಲೆ 89ಕ್ಕೆ ನಿಂತಿತು. ಹತ್ತು ನಿಮಿಷದ ಟೆಸ್ಟ್ ತೋರಿಸಿ "ನೋಡಿ ಎಷ್ಟು ತಣ್ಣಗಿದೆ" ಅನ್ನುವ ವಿಡಿಯೋಗಳು ಬೇಕಾದಷ್ಟಿವೆ, ಫ್ಯಾನಿಲ್ಲದ ಮಷೀನಿಗೆ ಆ ಟೆಸ್ಟು ಲೆಕ್ಕಕ್ಕೇ ಬರುವುದಿಲ್ಲ.

ಈಗ ಗೆಳೆಯನ ಸೀಲಿಂಗ್ ಫ್ಯಾನಿಗೆ ಬರೋಣ. ಅದೇ ಕೆಲಸ, ಅದೇ ಮಿತಿ, ತಲೆ ಮೇಲಿನ ಫ್ಯಾನ್ ಮೂರನೇ ಸ್ಪೀಡಿಗೆ ಹಾಕಿದೆ. 89 ಇದ್ದದ್ದು 78ಕ್ಕೆ ಇಳಿಯಿತು. ಕೋಣೆಯ ಉಷ್ಣತೆ ಏನೂ ಬದಲಾಗಿಲ್ಲ, ಗಾಳಿ ಅಲ್ಲಾಡಿತು ಅಷ್ಟೇ. ಈ ಹೀಟ್‌ಸಿಂಕಿಗೆ ಅಷ್ಟು ಸಣ್ಣ ಗಾಳಿಯೂ ದೊಡ್ಡದೇ. ಹಾಗಾಗಿ ನಮ್ಮಂಥ ಮನೆಗಳಲ್ಲಿ ಫ್ಯಾನಿಲ್ಲದ ಕಂಪ್ಯೂಟರಿಗೆ ಅಸಲಿಗೆ ಫ್ಯಾನ್ ಇದೆ, ಅದು ಸೂರಿಗೆ ನೇತುಬಿದ್ದಿದೆ. ಮೈಕ್ ಮುಂದೆ ಕೂತು ಅದನ್ನು ಆರಿಸಿದಾಗಲೇ ಮಷೀನಿಗೆ ಕಷ್ಟದ ಹೊತ್ತು. ಪುಣ್ಯಕ್ಕೆ ರೆಕಾರ್ಡಿಂಗ್ ಭಾರದ ಕೆಲಸವಲ್ಲ, ಪ್ರೊಸೆಸರ್ ಆಗ ಅರೆನಿದ್ದೆಯಲ್ಲೇ ಇರುತ್ತದೆ, 50 ದಾಟಿದ್ದನ್ನು ನೋಡಿಲ್ಲ. ಎಕ್ಸ್‌ಪೋರ್ಟನ್ನು ಫ್ಯಾನ್ ಹಾಕಿಕೊಂಡು ಮಾಡಿದರಾಯಿತು. ಆದರೂ ನೆಮ್ಮದಿಗೆ ಅಂತ ಪಿಪಿಟಿ 45 ವ್ಯಾಟಿಗೆ ಇಳಿಸಿದೆ. ಸೀಲಿಂಗ್ ಫ್ಯಾನ್ ಇಲ್ಲದೆ 76 ಡಿಗ್ರಿಗೆ ನಿಲ್ಲುತ್ತದೆ. ಎಕ್ಸ್‌ಪೋರ್ಟ್ ಸ್ವಲ್ಪ ನಿಧಾನವಾಯಿತು, ಆದರೆ ವ್ಯಾಟ್ ಇಳಿದಷ್ಟು ವೇಗ ಇಳಿದಿಲ್ಲ. ವೇಗದ ಕೊನೆಯ ಸ್ವಲ್ಪಕ್ಕೇ ಪ್ರೊಸೆಸರ್ ಜಾಸ್ತಿ ಕರೆಂಟ್ ತಿನ್ನುವುದು.

ಪ್ರೊಸೆಸರ್ ಒಂದನ್ನೇ ನೋಡಿ ಸುಮ್ಮನಾಗಬಾರದು. ಮಾಮೂಲಿ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಫ್ಯಾನಿನ ಗಾಳಿಯೇ ಪಕ್ಕದ ವಿಆರ್‌ಎಂ (ಪ್ರೊಸೆಸರಿಗೆ ಬೇಕಾದ ವೋಲ್ಟೇಜ್ ಮಾಡಿಕೊಡುವ ಭಾಗ), ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್) ಎಲ್ಲವನ್ನೂ ತಣಿಸುತ್ತಿರುತ್ತದೆ. ಇಲ್ಲಿ ಆ ಗಾಳಿ ಇಲ್ಲ. ವಿಆರ್‌ಎಂ ಮೇಲೆ ದಪ್ಪ ಹೀಟ್‌ಸಿಂಕ್ ಇರುವ ಬಿ550 ಬೋರ್ಡನ್ನೇ ಹುಡುಕಿದ್ದು ಅದಕ್ಕೆ. ಎಸ್‌ಎಸ್‌ಡಿ ದೊಡ್ಡ ಫೈಲ್ ಬರೆಯುವಾಗ 70 ಮುಟ್ಟುತ್ತಿತ್ತು, ಒಂದು ಅಲ್ಯೂಮಿನಿಯಂ ಪಟ್ಟಿ ಅಂಟಿಸಿದ ಮೇಲೆ 60ರ ಒಳಗಿದೆ.

ರೆಕಾರ್ಡಿಂಗಿನಲ್ಲಿ ಫಲ ಚೆನ್ನಾಗಿದೆ. ಯಾರೂ ಮಾತಾಡದೆ ಇರುವಾಗಿನ ಸದ್ದು ಮೊದಲು ಮೈನಸ್ 52 ಡೆಸಿಬೆಲ್ ಇದ್ದದ್ದು ಈಗ ಮೈನಸ್ 61 (ಸೊನ್ನೆಯಿಂದ ಕೆಳಗೆ ಹೋದಷ್ಟೂ ಸದ್ದು ಕಡಿಮೆ). ನಾಯ್ಸ್ ರಿಡಕ್ಷನ್ ಹಾಕುವುದನ್ನೇ ಬಿಟ್ಟಿದ್ದೇನೆ.

ಆದರೆ ಒಂದು ಸದ್ದು ಹೋದರೆ ಅದರ ಹಿಂದೆ ಅಡಗಿದ್ದವು ಹೊರಗೆ ಬರುತ್ತವೆ. ವೆಬ್ ಪುಟವನ್ನು ಮೌಸಿನಲ್ಲಿ ಮೇಲೆ ಕೆಳಗೆ ಮಾಡಿದರೆ ಬೋರ್ಡಿನಿಂದ ಸಣ್ಣಗೆ "ಚಿರ್ ಚಿರ್" ಬರುತ್ತದೆ. ಕಾಯಿಲ್ ವೈನ್ ಅನ್ನುವುದು ಇದನ್ನೇ, ಕರೆಂಟ್ ಏರಿಳಿದಾಗ ಸುರುಳಿಗಳು ನಡುಗುವ ಸದ್ದು. ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುತ್ತದೆ, ಮೈಕಿಗೆ ಸಿಗುವುದಿಲ್ಲ, ಬಿಟ್ಟಿದ್ದೇನೆ. ದೊಡ್ಡ ತಲೆನೋವು ಮನೆಯ ಇನ್ವರ್ಟರ್. ಕರೆಂಟ್ ಹೋದ ಕೂಡಲೇ ಎಸ್‌ಎಂಪಿಎಸ್ "ಗುಂಯ್" ಅನ್ನುತ್ತದೆ, ಹಳೇ ಮಷೀನಿನ ಫ್ಯಾನಿಗಿಂತ ಜೋರಾಗಿ. ನಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಕರೆಂಟ್ ಮೆಟ್ಟಿಲಿನ ಹಾಗೆ ಥಟ್ಟನೆ ಏರಿಳಿಯುತ್ತದೆ, ಈಗಿನ ಎಸ್‌ಎಂಪಿಎಸ್‌ಗಳಿಗೆ ಅದು ಒಗ್ಗುವುದಿಲ್ಲ, ಅವಕ್ಕೆ ಲೈನ್ ಕರೆಂಟಿನ ಹಾಗೆ ನಯವಾಗಿ ಏರಿಳಿಯುವ ಸೈನ್ ವೇವ್ ಬೇಕು. ಸದ್ಯಕ್ಕೆ ಕರೆಂಟ್ ಹೋದರೆ ಫೈಲ್ ಸೇವ್ ಮಾಡಿ ಮಷೀನ್ ಆಫ್ ಮಾಡುತ್ತಿದ್ದೇವೆ.

ಮುಂದೆ ಬಾಕಿ ಇರುವುದು ಎರಡು. ಸೈನ್ ವೇವ್ ಇನ್ವರ್ಟರಿಗೆ ದುಡ್ಡು ಹೊಂದಿಸಬೇಕು. ಕ್ಯಾಬಿನೆಟ್ಟಿನ ಪಕ್ಕದ ಗಾಜಿನ ಬಾಗಿಲು ತೆಗೆದು ಜಾಲರಿಯದ್ದು ಮಾಡಿಸಲು ಫ್ಯಾಬ್ರಿಕೇಶನ್ ಅಂಗಡಿಯವರಿಗೆ ಅಳತೆ ಕೊಟ್ಟಿದ್ದೇನೆ, ಅದು ಬಂದಮೇಲೆ ಮೇ ತಿಂಗಳ ಮಧ್ಯಾಹ್ನದಲ್ಲಿ ಇದೇ ಎಕ್ಸ್‌ಪೋರ್ಟ್ ಮತ್ತೆ ಓಡಿಸಿ ಅಂಕಿಗಳನ್ನು ಹಾಕುತ್ತೇನೆ. ರಾಯಚೂರು, ಕಲಬುರಗಿ ಕಡೆ ಯಾರಾದರೂ ಇಂಥದ್ದು ಕಟ್ಟಿದ್ದರೆ ನಿಮ್ಮ ಕೋಣೆಯ ಉಷ್ಣತೆ, ಪಿಪಿಟಿ ಎಷ್ಟಕ್ಕೆ ಇಟ್ಟಿದ್ದೀರಿ, ಸೀಲಿಂಗ್ ಫ್ಯಾನ್ ಆನ್ ಇತ್ತೋ ಆಫ್ ಇತ್ತೋ, ಮೂರನ್ನೂ ಹೇಳಿ.