ಮೂವತ್ತೊಂದನೇ ಬಾರ್

ನನ್ನ ಪಿಟೀಲು ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮನೆಯವರು ನನಗೊಂದು ನೋಟ್‌ಬುಕ್ ಕೊಟ್ಟರು. ಐದೈದು ಗೆರೆ ಅಚ್ಚು ಹಾಕಿದ ಹಾಳೆಗಳ ಪುಸ್ತಕ. ಶಿಷ್ಯರಿಗೋಸ್ಕರ ಅವರೇ ಬರೆದ ಹದಿನಾಲ್ಕು ಪುಟ್ಟ ರಚನೆಗಳು ಅದರಲ್ಲಿದ್ದವು. ಎಲ್ಲವೂ ಪೆನ್ಸಿಲ್‌ನಲ್ಲಿ. ಎದುರುಬದುರು ಪುಟಗಳು ವರ್ಷಗಟ್ಟಲೆ ಉಜ್ಜಿಕೊಂಡು, ಈ ಪುಟದ ಸ್ವರ ಆ ಪುಟದ ಮೇಲೆ ನೆರಳಿನ ಹಾಗೆ ಮೂಡಿತ್ತು. ಕೆಲವು ಕಡೆ ಯಾವುದು ಸ್ವರ, ಯಾವುದು ನೆರಳು ಅಂತ ಬೆಳಕಿಗೆ ಹಿಡಿದು ನೋಡಬೇಕಿತ್ತು.

ಮೊದಲು ಸ್ಕ್ಯಾನ್ ಮಾಡಿಟ್ಟೆ. ಅದು ಬೇಕೇ ಬೇಕು. ಮೇಷ್ಟ್ರ ಕೈಬರಹಕ್ಕೆ ಬದಲಿ ಇಲ್ಲ. ಆದರೆ ಸ್ಕ್ಯಾನ್ ಒಂದು ಚಿತ್ರ ಅಷ್ಟೆ. ಅದನ್ನು ಸ್ಟ್ಯಾಂಡಿನ ಮೇಲಿಟ್ಟುಕೊಂಡು ನುಡಿಸೋಕೆ ಆಗಲ್ಲ. ಬೇರೆ ಶ್ರುತಿಗೆ ಏರಿಸೋಕೆ ಆಗಲ್ಲ. ಮಸುಕಾದದ್ದು ಅದರಲ್ಲೂ ಮಸುಕಾಗಿಯೇ ಇರುತ್ತೆ.

ಮೌಸ್‌ನಿಂದ ಒಂದೊಂದೇ ಸ್ವರ ಎಳೆದು ಕೂರಿಸುವ ಸಾಫ್ಟ್‌ವೇರ್ ನನಗೆ ಹೊಸದಲ್ಲ. ಕಾಲೇಜಿನ ದಿನಗಳಲ್ಲಿ ಅಂಥದ್ದೊಂದರಲ್ಲಿ ತುಂಬಾ ಕೆಲಸ ಮಾಡಿದ್ದೆ. ಕಂಪ್ಯೂಟರ್ ಬದಲಾಯಿತು, ಆ ಸಾಫ್ಟ್‌ವೇರ್ ಹೊಸದರಲ್ಲಿ ಓಡಲಿಲ್ಲ. ಫೈಲುಗಳು ಈಗಲೂ ನನ್ನ ಹತ್ತಿರ ಇವೆ, ತೆರೆಯುವ ದಾರಿ ಇಲ್ಲ. ಮೂರು ವರ್ಷದ ಕೆಲಸದಲ್ಲಿ ಉಳಿದದ್ದು ಪ್ರಿಂಟ್ ತೆಗೆದಿಟ್ಟಿದ್ದ ಐದಾರು ಹಾಳೆ. ಮೇಷ್ಟ್ರ ಪುಸ್ತಕಕ್ಕೆ ಆ ಗತಿ ಬರಬಾರದು ಅಂತ ಲಿಲಿಪಾಂಡ್ ಅನ್ನೋ ಸಾಫ್ಟ್‌ವೇರ್ ಹಿಡಿದೆ.

ಲಿಲಿಪಾಂಡ್‌ನಲ್ಲಿ ಸಂಗೀತವನ್ನು ಅಕ್ಷರಗಳಲ್ಲಿ ಟೈಪ್ ಮಾಡುತ್ತೇವೆ. ಸಿ ಅನ್ನೋ ಸ್ವರದ ಅಕ್ಷರದ ಪಕ್ಕ 4 ಹಾಕಿದರೆ ಕ್ವಾರ್ಟರ್ ನೋಟ್, 8 ಹಾಕಿದರೆ ಅದರ ಅರ್ಧದಷ್ಟು ಉದ್ದದ ಎಯ್ತ್ ನೋಟ್. ಶಾರ್ಪ್, ಅಂದರೆ ಸ್ವರ ಅರ್ಧ ಮೆಟ್ಟಿಲು ಮೇಲೆ ಬೇಕಾದರೆ ಅಕ್ಷರಕ್ಕೆ ‘ಇಸ್’ ಸೇರಿಸಬೇಕು, ಅರ್ಧ ಮೆಟ್ಟಿಲು ಕೆಳಗಿನ ಫ್ಲ್ಯಾಟ್‌ಗೆ ‘ಎಸ್’. ಇದು ಡಚ್ಚರ ರೂಢಿ. 1996ರಲ್ಲಿ ಇದನ್ನು ಶುರುಮಾಡಿದ ಹಾನ್ ವೆನ್ ನೀನ್‌ಹೌಸ್, ಯಾನ್ ನಿಯುವೆನ್‌ಹೌಸನ್ ಇಬ್ಬರೂ ನೆದರ್‌ಲ್ಯಾಂಡ್ಸ್‌ನವರು. ಬರೆದ ಫೈಲನ್ನು ಓಡಿಸಿದರೆ ಅದು ಐದು ಗೆರೆ ಎಳೆದು, ಸ್ವರ ಕೂರಿಸಿ, ಪಿಡಿಎಫ್ ಕೊಡುತ್ತೆ. ನಾವು ಬರೆದ ಮೂಲ ಮಾತ್ರ ಯಾವ ಕಂಪ್ಯೂಟರಿನಲ್ಲೂ, ಯಾವ ಎಡಿಟರ್‌ನಲ್ಲೂ ತೆರೆಯುವ ಸಾದಾ ಪಠ್ಯ. ನನಗೆ ಬೇಕಿದ್ದದ್ದು ಅದೇ. ನಾಳೆ ಲಿಲಿಪಾಂಡೇ ಇಲ್ಲವಾದರೂ ಆ ಪಠ್ಯವನ್ನು ಮನುಷ್ಯರು ಓದಬಹುದು.

ಒಂದೇ ಸಾಲಿನ ಧಾಟಿಗಳಿಗೆ ಎಬಿಸಿ ನೊಟೇಶನ್ ಅನ್ನೋ ಇನ್ನೊಂದು ಅಕ್ಷರದ ಬರವಣಿಗೆ ಕೂಡ ಚೆನ್ನಾಗಿದೆ. ಕ್ರಿಸ್ ವಾಲ್‌ಶಾ 1990ರ ದಶಕದ ಮೊದಲಲ್ಲಿ ರೂಪಿಸಿದ್ದು. ನಾಲ್ಕು ಸಾಲು ಬರೆದರೆ ಒಂದು ಹಾಡು ಮುಗಿದೇ ಹೋಗುತ್ತೆ. ಆದರೆ ಮೇಷ್ಟ್ರು ಪ್ರತಿ ಸ್ವರಕ್ಕೂ ಕಮಾನು ಎತ್ತ ಹೋಗಬೇಕು, ಎಲ್ಲಿ ಮೆತ್ತಗಾಗಬೇಕು ಅಂತ ಗುರುತು ಹಾಕಿದ್ದರು. ಅಷ್ಟೂ ಬರಬೇಕು ಅಂದರೆ ನನ್ನ ಲೆಕ್ಕದಲ್ಲಿ ಲಿಲಿಪಾಂಡೇ ಸರಿ.

ಒಂದು ಭಾನುವಾರ ಬೆಳಗ್ಗೆ ಮೊದಲನೇ ವಾಲ್ಟ್ಸ್ ಹಿಡಿದು ಕೂತೆ. ಡಿ ಮೇಜರ್, ಮುಕ್ಕಾಲು ತಾಳ, ಅರವತ್ತನಾಲ್ಕು ಬಾರ್. ಬಾರ್ ಅಂದರೆ ಎರಡು ನಿಂತ ಗೆರೆಗಳ ನಡುವಿನ ಖಾನೆ, ಇಲ್ಲಿ ಒಂದೊಂದರಲ್ಲೂ ಮೂರು ಮಾತ್ರೆ. ಬಾಯಲ್ಲಿ ಹಾಡಿಕೊಳ್ಳುತ್ತಾ ಮೊದಲ ಸಾಲು ಟೈಪ್ ಮಾಡಿ ಓಡಿಸಿದೆ. ಬಂದ ಪುಟದ ತುಂಬಾ ‘ಇಲ್ಲಿ ಶಾರ್ಪ್ ಇಲ್ಲ’ ಅನ್ನುವ ನ್ಯಾಚುರಲ್ ಗುರುತುಗಳು! ಡಿ ಮೇಜರ್‌ನಲ್ಲಿ ಎಫ್ ಮತ್ತು ಸಿ ಎರಡೂ ಶಾರ್ಪ್. ಶುರುವಿನಲ್ಲೇ ಶ್ರುತಿ ಹೇಳಿದ್ದೇನಲ್ಲ, ಬರೀ ಎಫ್ ಅಂತ ಬರೆದರೆ ಸಾಕು ಅಂದುಕೊಂಡಿದ್ದೆ. ಲಿಲಿಪಾಂಡ್ ಹಾಗಲ್ಲ. ಎಫ್ ಅಂದರೆ ಎಫ್ಫೇ, ಶಾರ್ಪ್ ಬೇಕಾದರೆ ಪ್ರತಿ ಸಲವೂ ‘ಫಿಸ್’ ಅಂತಲೇ ಬರೆಯಬೇಕು. ಶ್ರುತಿಯ ಗುರುತು ಪುಟ ಹೇಗೆ ಕಾಣಬೇಕು ಅನ್ನೋದಕ್ಕೆ ಮಾತ್ರ. ಮೊದಲು ಕಿರಿಕಿರಿ ಅನ್ನಿಸಿತು. ಅರ್ಧ ಗಂಟೆ ಆದಮೇಲೆ ಇದೇ ಸರಿ ಅನ್ನಿಸಿತು. ಕೈ ನಿಜವಾಗಿ ನುಡಿಸುವ ಸ್ವರದ ಹೆಸರನ್ನೇ ಬರೆಯುತ್ತಿದ್ದೇನೆ, ಅಲ್ವಾ?

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಪೆಟ್ಟು. ಎರಡನೇ ಸಾಲಿನ ನಡುವಿನಿಂದ ಸ್ವರಗಳೆಲ್ಲ ಗೆರೆಗಳ ಕೆಳಗೆ ಜಾರಿ, ತುಂಡು ಗೆರೆಗಳಲ್ಲಿ ನೇತಾಡುತ್ತಿದ್ದವು. ಪಿಟೀಲಿನಲ್ಲಿ ಅಷ್ಟು ಕೆಳಗಿನ ಸ್ವರವೇ ಇಲ್ಲ. ಜಿ ತಂತಿಯನ್ನು ಬಿಟ್ಟು ನುಡಿಸಿದರೆ ಬರುವುದೇ ಅದರ ಕೊನೆ. ನಾನು ಬಳಸುತ್ತಿದ್ದ ರೀತಿಯಲ್ಲಿ ಲಿಲಿಪಾಂಡ್ ಪ್ರತಿ ಸ್ವರವನ್ನೂ ಹಿಂದಿನ ಸ್ವರಕ್ಕೆ ಹತ್ತಿರದ ಜಾಗದಲ್ಲೇ ಕೂರಿಸುತ್ತೆ. ದೂರ ಜಿಗಿಯಬೇಕಾದರೆ ಒಂದು ಅಪಾಸ್ಟ್ರಫಿ ಹಾಕಿ ‘ಮೇಲೆ’ ಅನ್ನಬೇಕು, ಕಾಮಾ ಹಾಕಿ ‘ಕೆಳಗೆ’ ಅನ್ನಬೇಕು. ಒಂದು ಅಪಾಸ್ಟ್ರಫಿ ಬಿಟ್ಟುಹೋದದ್ದಕ್ಕೆ ಅಲ್ಲಿಂದ ಮುಂದಿನ ಸಂಗೀತವೆಲ್ಲ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಕೆಳಗಿಳಿದಿತ್ತು. ಹುಡುಕಿ ಸೇರಿಸಿದೆ. ಇಡೀ ಸಾಲು ಒಟ್ಟಿಗೆ ಮೇಲೆದ್ದು ಸರಿಹೋಯಿತು.

ಆಮೇಲೆ ಪ್ರತಿ ಬಾರ್ ಮುಗಿದ ಕಡೆ ಒಂದು ನಿಂತ ಗೆರೆ ಹಾಕುವುದನ್ನು ರೂಢಿ ಮಾಡಿಕೊಂಡೆ. ಇದಕ್ಕೆ ಬಾರ್ ಚೆಕ್ ಅಂತಾರೆ. ಅದು ಪುಟದಲ್ಲಿ ಏನನ್ನೂ ಬರೆಯಲ್ಲ. ‘ಇಲ್ಲಿಗೆ ಬಾರ್ ತುಂಬಿದೆ ಅಂತ ನಾನು ಅಂದುಕೊಂಡಿದ್ದೇನೆ, ಹೌದಾ ನೋಡು’ ಅಂತ ಲಿಲಿಪಾಂಡ್‌ಗೆ ಹೇಳಿದ ಹಾಗೆ. ತುಂಬಿಲ್ಲದಿದ್ದರೆ ಅದು ಎಚ್ಚರಿಕೆ ಕೊಡುತ್ತೆ. ಏಳನೇ ಬಾರಿನಲ್ಲಿ ಕೊಟ್ಟಿತು, ಹತ್ತೊಂಬತ್ತರಲ್ಲಿ ಕೊಟ್ಟಿತು. ಎರಡೂ ನನ್ನ ಬೆರಳಿನ ತಪ್ಪು. ಅಂಕಿ ಹಾಕದಿದ್ದರೆ ಹಿಂದಿನ ಅಂಕಿಯೇ ಮುಂದುವರಿಯುತ್ತೆ, 8 ಆದಮೇಲೆ 4 ಹಾಕೋದು ಮರೆತಿದ್ದೆ.

ಮೂವತ್ತೊಂದನೇ ಬಾರಿನಲ್ಲೂ ಎಚ್ಚರಿಕೆ ಬಂತು. 1/8 ಹೆಚ್ಚಾಗಿದೆ.

ನನ್ನ ಟೈಪಿಂಗ್ ನೋಡಿದೆ. ಸರಿಯಿತ್ತು. ನೋಟ್‌ಬುಕ್ ನೋಡಿದೆ. ಒಂದು ಕ್ವಾರ್ಟರ್, ಎರಡು ಎಯ್ತ್, ಇನ್ನೊಂದು ಕ್ವಾರ್ಟರ್. ಮೂರು ಮಾತ್ರೆ ಅಲ್ಲಿಗೇ ತುಂಬಿತು. ಅದಾದಮೇಲೆ ಬಾರ್ ಗೆರೆಗೆ ಒತ್ತಿಕೊಂಡು ಇನ್ನೊಂದು ಎಯ್ತ್ ನೋಟ್, ಇ ಸ್ವರ. ಆರು ಎಯ್ತ್ ಇರಬೇಕಾದ ಕಡೆ ಏಳು. ನೆರಳಿರಬಹುದು ಅಂತ ಪುಟ ತಿರುಗಿಸಿ ಎದುರಿನ ಪುಟ ನೋಡಿದೆ. ಅಲ್ಲಿ ಆ ಜಾಗ ಖಾಲಿ. ಪೆನ್ಸಿಲ್ ಒತ್ತಿದ ಗುರುತು ಹಾಳೆಯ ಹಿಂದೆ ಬೆರಳಿಗೆ ಸಿಗುತ್ತಿತ್ತು. ಮೇಷ್ಟ್ರು ಬರೆದದ್ದೇ.

ಈ ವಾಲ್ಟ್ಸ್ ನಾನು ನೂರಾರು ಸಲ ನುಡಿಸಿದ್ದೇನೆ. ಅಲ್ಲೊಂದು ಸ್ವರ ಹೆಚ್ಚಿದೆ ಅಂತ ಒಂದು ದಿನವೂ ತಿಳಿಯಲಿಲ್ಲ. ಕೈ ಹೋಗುತ್ತಿತ್ತು, ನುಡಿಸುತ್ತಿದ್ದೆ.

ಸರಿಮಾಡೋದು ಸುಲಭವಿತ್ತು. ಎರಡನೇ ಕ್ವಾರ್ಟರ್ ನೋಟನ್ನು ಎಯ್ತ್ ಮಾಡಿದರೆ ಲೆಕ್ಕ ಕೂಡಿಬರುತ್ತೆ. ಇಲ್ಲಾಂದರೆ ಕೊನೆಯ ಇ ಸ್ವರವನ್ನು ಮುಂದಿನ ಬಾರಿನ ಗ್ರೇಸ್ ನೋಟ್, ಅಂದರೆ ಲೆಕ್ಕಕ್ಕೆ ಸೇರದೆ ತಟ್ಟಿ ಬಿಡುವ ಪುಟ್ಟ ಸ್ವರ ಮಾಡಬಹುದು. ಎರಡನ್ನೂ ಮಾಡಿ ನೋಡಿದೆ. ಲಿಲಿಪಾಂಡ್ ಕಂಪ್ಯೂಟರ್ ನುಡಿಸಿ ಕೇಳಿಸುವ ಮಿಡಿ ಫೈಲನ್ನೂ ಕೊಡುತ್ತೆ, ಕೇಳಿದೆ. ಎರಡೂ ತಪ್ಪಿಲ್ಲ, ಆದರೆ ಎರಡೂ ನನಗೆ ಗೊತ್ತಿರುವ ವಾಲ್ಟ್ಸ್ ಅಲ್ಲ.

ನನಗಿಂತ ಮೊದಲು ಮೇಷ್ಟ್ರ ಹತ್ತಿರ ಕಲಿತ ಒಬ್ಬ ಅಕ್ಕ ಇದ್ದಾರೆ. ಫೋನ್ ಮಾಡಿದೆ. “ಅಕ್ಕಾ, ಮೊದಲನೇ ವಾಲ್ಟ್ಸ್‌ನ ಮೂವತ್ತೊಂದನೇ ಬಾರ್ ಸ್ವಲ್ಪ ನುಡಿಸ್ತೀರಾ?”

“ಬಾರ್ ನಂಬರ್ ಎಲ್ಲಾ ನಂಗೆ ಗೊತ್ತಿಲ್ಲಪ್ಪ. ಎಲ್ಲಿ ಅಂತ ಹಾಡಿ ತೋರ್ಸು.”

ಹಾಡಿದೆ. ಅವರು ಫೋನ್ ಪಕ್ಕಕ್ಕಿಟ್ಟು ಪಿಟೀಲು ತೆಗೆದು, ನಾಲ್ಕು ಬಾರ್ ಹಿಂದಿನಿಂದ ಶುರುಮಾಡಿದರು. ಆ ಜಾಗಕ್ಕೆ ಬಂದಾಗ ಕೊನೆಯ ಇ ಸ್ವರವನ್ನು ನಿಧಾನವಾಗಿ, ಪೂರ್ತಿ ನುಡಿಸಿ ಮುಂದೆ ಹೋದರು. ಗ್ರೇಸ್ ನೋಟಿನ ಹಾಗೆ ತಟ್ಟಿ ಬಿಡಲಿಲ್ಲ.

“ನಿಂಗೆ ನೆನಪಿಲ್ವಾ? ಅಲ್ಲಿ ಅವಸರ ಮಾಡಿದ್ರೆ ಮೇಷ್ಟ್ರು ನಿಲ್ಲಿಸ್ತಿದ್ರು. ‘ಇಲ್ಲಿ ಉಸಿರು ತಗೊಂಡು ಹೋಗಿ’ ಅಂತಿದ್ರು.”

ನೆನಪಾಯಿತು. ನಾನು ಅದನ್ನು ನುಡಿಸುವ ಶೈಲಿ ಅಂತ ತಿಳಿದಿದ್ದೆ. ಅವರು ಅದನ್ನು ಬರೆದೇ ಇಟ್ಟಿದ್ದರು. ಉಸಿರಿನ ಉದ್ದವನ್ನು ಒಂದು ಎಯ್ತ್ ನೋಟ್ ಅಂತ ಅಳೆದು.

ಸ್ಕ್ಯಾನ್ ಮಾಡುವಾಗ ಈ ಪುಟ ನನ್ನ ಕೈಯಿಂದ ಹತ್ತು ಸೆಕೆಂಡಿನಲ್ಲಿ ದಾಟಿಹೋಗಿತ್ತು. ಟೈಪ್ ಮಾಡುವಾಗ ಹಾಗೆ ದಾಟೋಕೆ ಆಗಲ್ಲ. ಪ್ರತಿ ಚುಕ್ಕೆಯ ಮುಂದೂ ನಿಂತು, ಇದೇನು, ಎಷ್ಟು ಉದ್ದ, ಯಾವ ಸ್ವರ ಅಂತ ತೀರ್ಮಾನ ಮಾಡಿಯೇ ಮುಂದೆ ಹೋಗಬೇಕು. ಹಾಗಂತ ತೀರ್ಮಾನದಲ್ಲಿ ಅಪಾಯವೂ ಜಾಸ್ತಿ. ಅಚ್ಚಾಗಿ ಬಂದದ್ದನ್ನು ಜನ ನಂಬುತ್ತಾರೆ. ನಾನು ಸುಮ್ನೆ ‘ಸರಿ’ ಮಾಡಿಬಿಟ್ಟಿದ್ದರೆ, ಇನ್ನು ಹತ್ತು ವರ್ಷ ಕಳೆದು ಈ ಹಾಳೆ ನೋಡಿದವರಿಗೆ ಆ ಉಸಿರಿನ ಸುಳಿವೂ ಸಿಗುತ್ತಿರಲಿಲ್ಲ.

ಹಾಗಾಗಿ ಮೂವತ್ತೊಂದನೇ ಬಾರಿಗೆ ಮಾತ್ರ ತಾಳವನ್ನು 7/8 ಮಾಡಿದೆ, ಮುಂದಿನದಕ್ಕೆ ಮತ್ತೆ 3/4. ಮೇಷ್ಟ್ರು ತಾಳದ ಅಂಕಿಗಳನ್ನು ಅಲ್ಲಿ ಬರೆದಿರಲಿಲ್ಲ, ಅದಕ್ಕೆ ಎರಡೂ ಕಡೆ ಅವು ಪುಟದಲ್ಲಿ ಕಾಣದ ಹಾಗೆ ಮರೆಮಾಡಿದೆ. ಎಚ್ಚರಿಕೆ ಹೋಯಿತು. ಆ ಸಾಲಿನ ಮೇಲೆ ಪರ್ಸೆಂಟ್ ಗುರುತು ಹಾಕಿ ಹೀಗೆ ಬರೆದೆ: ‘ಮೂಲದಲ್ಲಿ ಏಳು ಎಯ್ತ್ ಇವೆ. ತಪ್ಪಲ್ಲ. ಮೇಷ್ಟ್ರು ಹೀಗೇ ನುಡಿಸುತ್ತಿದ್ದರು.’ ಪರ್ಸೆಂಟ್ ಗುರುತಿನ ಮುಂದಿನದನ್ನು ಲಿಲಿಪಾಂಡ್ ಓದುವುದಿಲ್ಲ. ಅದು ಮುಂದೆ ಈ ಫೈಲ್ ತೆರೆಯುವವರಿಗೆ. ಎಂಟನೇ ಬಾರಿನಲ್ಲಿ ಒಂದು ಸ್ಲರ್, ಅಂದರೆ ಸ್ವರಗಳನ್ನು ಜೋಡಿಸುವ ಬಾಗಿದ ಗೆರೆ, ಎಲ್ಲಿ ಮುಗಿಯುತ್ತೆ ಅಂತ ಕೊನೆಗೂ ನನಗೆ ಗೊತ್ತಾಗಲಿಲ್ಲ. ಅಲ್ಲೂ ಹಾಗೇ ಬರೆದಿಟ್ಟೆ, ‘ಇದು ನನ್ನ ಊಹೆ’ ಅಂತ.

ಸಂಜೆ ಪೂರ್ತಿ ಪುಟ ಬಂತು. ಆ ಪುಟದ ಬಗ್ಗೆ ಹೇಳಲೇಬೇಕು. ಹಿಂದೆ ಸಂಗೀತದ ಅಚ್ಚಿಗೆ ಲೋಹದ ತಗಡಿನ ಮೇಲೆ ಗೆರೆ ಕೊರೆದು, ಸ್ವರದ ಅಚ್ಚುಮೊಳೆಗಳನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅದೂ ಕನ್ನಡಿಯಲ್ಲಿ ಕಂಡ ಹಾಗೆ, ಎಲ್ಲಾ ಉಲ್ಟಾ. ಆ ಕುಶಲಿಗಳು ಅಳತೆಪಟ್ಟಿಯ ಜೊತೆಗೆ ಕಣ್ಣನ್ನೂ ನಂಬುತ್ತಿದ್ದರು. ಒಂದು ಸ್ವರದ ಕಡ್ಡಿ ಮೇಲಕ್ಕೆ, ಪಕ್ಕದ್ದರ ಕಡ್ಡಿ ಕೆಳಕ್ಕೆ ಇದ್ದರೆ, ಅಂತರ ಒಂದೇ ಇದ್ದರೂ ಕಣ್ಣಿಗೆ ಬೇರೆಯಾಗಿ ಕಾಣುತ್ತೆ. ಅವರು ಅದನ್ನು ಕೂದಲೆಳೆಯಷ್ಟು ಸರಿಸಿ ಸಮ ಮಾಡುತ್ತಿದ್ದರು. ಲಿಲಿಪಾಂಡ್ ಮಾಡಿದವರು ಮುಂದಿಟ್ಟುಕೊಂಡದ್ದು ಅಂಥ ಕೈಕೆತ್ತನೆಯ ಪುಟಗಳನ್ನೇ. ಬಾಖ್ ಚೆಲ್ಲೋ ವಾದ್ಯಕ್ಕೆ ಬರೆದ ‘ಸ್ವೀಟ್’ ಅನ್ನೋ ರಚನೆಗಳನ್ನು ಬೇರನ್‌ರೈಟರ್ ಪ್ರಕಾಶನ 1950ರಲ್ಲಿ ತಂದ ಪ್ರತಿ ಅವುಗಳಲ್ಲೊಂದು. ಮೇಷ್ಟ್ರ ವಾಲ್ಟ್ಸ್ ಈಗ ಆ ತಲೆಮಾರಿನ ಪುಟದ ಹಾಗೆ, ದಪ್ಪ ಗೆರೆ, ತುಂಬಿದ ದುಂಡು ಸ್ವರಗಳ ಜೊತೆ ನನ್ನ ಮುಂದಿತ್ತು. ಮೊದಲ ಬಾರಿನ ಮೇಲೆ ಅವರು ಇಟಾಲಿಯನ್ ಪದ ಬಳಸದೆ ‘ಮೆಲ್ಲಗೆ, ಎಳೆಯದೆ’ ಅಂತ ಕನ್ನಡದಲ್ಲೇ ಬರೆದಿದ್ದರು. ಒತ್ತಕ್ಷರ ಒಡೆಯುತ್ತೋ ಅಂತ ಭಯವಿತ್ತು. ಒಂಚೂರೂ ಒಡೆಯದೆ ಬಂತು. ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಫೈಲಿನ ಮೊದಲ ಸಾಲಿನಲ್ಲಿ ವರ್ಷನ್ 2.24 ಅಂತ ಬರೆದಿದ್ದೇನೆ. ಇದನ್ನು ಯಾರೂ ಬಿಡಬೇಡಿ. ಲಿಲಿಪಾಂಡ್‌ನ ಬರವಣಿಗೆ ವರ್ಷನ್‌ನಿಂದ ವರ್ಷನ್‌ಗೆ ಸ್ವಲ್ಪ ಸ್ವಲ್ಪ ಬದಲಾಗುತ್ತೆ. ಹಳೆಯದನ್ನು ಹೊಸದಕ್ಕೆ ತರೋಕೆ ಅದರ ಜೊತೆಗೇ ಒಂದು ಉಪಕರಣ ಬರುತ್ತೆ, ಕನ್ವರ್ಟ್-ಎಲ್‌ವೈ ಅಂತ. ಎಲ್ಲವನ್ನೂ ಅದೇ ಸರಿಮಾಡಲ್ಲ, ಕೆಲವನ್ನು ಕೈಯಿಂದಲೇ ತಿದ್ದಬೇಕಾಗುತ್ತೆ. ಆದರೂ ಎಲ್ಲಿಂದ ಹೊರಡಬೇಕು ಅಂತ ಅದಕ್ಕೆ ಗೊತ್ತಾಗೋದು ಆ ಒಂದು ಸಾಲಿನಿಂದ.

ರಾತ್ರಿ ಪಿಡಿಎಫ್ ಮತ್ತು ಮೂಲ ಪಠ್ಯ ಎರಡನ್ನೂ ಅಕ್ಕನಿಗೆ ಕಳಿಸಿದೆ. ಪಿಡಿಎಫ್ ನೋಡುತ್ತಾರೆ, ಪಠ್ಯ ತೆರೆಯುವುದಿಲ್ಲ ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ಆ ಪಠ್ಯದ ಫೈಲೇ ವಾಪಸ್ ಬಂತು. ಎಲ್ಲಿ ಬದಲಾಗಿದೆ ಅಂತ ನನ್ನ ಪ್ರತಿಯ ಪಕ್ಕ ಇಟ್ಟು ನೋಡಿದೆ. ಸ್ವರ ಒಂದೂ ಬದಲಾಗಿರಲಿಲ್ಲ. ಮೂವತ್ತೊಂದನೇ ಬಾರಿನ ನನ್ನ ಟಿಪ್ಪಣಿಯ ಕೆಳಗೆ, ಇನ್ನೊಂದು ಪರ್ಸೆಂಟ್ ಗುರುತು ಹಾಕಿ, ಒಂದು ಸಾಲು ಸೇರಿಸಿದ್ದರು: ‘ಇ ಸ್ವರ ಆದಮೇಲೆ ಕಮಾನು ಎತ್ತುತ್ತಿದ್ದರು. ಮುಂದಿನ ಬಾರ್ ಮತ್ತೆ ಕೆಳಗಿನ ಎಳೆತದಿಂದ.’